ಉಪ್ಪುಸೊಪ್ಪಿನ ಮೇಲಿಟ್ಟ ಗಿಟಾರು

ನಮ್ಮವರು ಅಕ್ಟೋಬರಿನಲ್ಲಿ ಹೋದರು. ಬಂದವರೆಲ್ಲ ಏನೇನೋ ಹೇಳಿದರು. ಧೈರ್ಯ ತಂದುಕೋ ಅಂದರು. ಹೊತ್ತಿಗೆ ಸರಿಯಾಗಿ ಉಣ್ಣು ಅಂದರು. ಒಬ್ಬಳು ನಾಯಿ ಸಾಕು ಅಂದಳು. ನವೆಂಬರಿನಲ್ಲಿ ಉಪ್ಪುಸೊಪ್ಪಿನ ಕಲ್ಲು ಎತ್ತಿಡುವವರು ಯಾರು ಅಂತ ಮಾತ್ರ ಯಾರೂ ಕೇಳಲಿಲ್ಲ.

ನಮ್ಮೂರು ಮಾತ್ಸುಮೊಟೊದಲ್ಲಿ ಚಳಿ ಕಚ್ಚಲು ಶುರುವಾದ ಮೇಲೆ ನೊಜವಾನ ಸೊಪ್ಪು ಕೊಯ್ದು, ತೊಳೆದು, ಉಪ್ಪು ಒಣಮೆಣಸಿನಕಾಯಿ ಹಾಕಿ ಪೀಪಾಯಿಗೆ ತುಂಬುತ್ತೇವೆ. ಮೇಲೆ ಕಲ್ಲು. ಭಾರವಿಲ್ಲದಿದ್ದರೆ ಸೊಪ್ಪು ನೀರು ಬಿಡುವುದಿಲ್ಲ, ಕೊಳೆಯುತ್ತದೆ. ನಮ್ಮ ಕಲ್ಲು ನನ್ನ ಅತ್ತೆಯ ಕಾಲದ್ದು. ಹೆಚ್ಚುಕಡಿಮೆ ಅತ್ತೆಯಷ್ಟೇ ಭಾರ. (ಅತ್ತೆಯ ಮಾತಿಗಿಂತ ಹಗುರ.) ಮೂವತ್ತೊಂದು ವರ್ಷ ನಮ್ಮವರೇ ಅದನ್ನು ಎತ್ತಿಟ್ಟರು. ಎತ್ತುವಾಗ ಒಂದೇ ಸಲ 'ಹುಂ' ಅನ್ನುತ್ತಿದ್ದರು. ಆ ವರ್ಷ ನಾನು ಹದಿನೈದು ಸಲ 'ಹುಂ' ಅಂದೆ. ಕಲ್ಲು ಅಲುಗಲಿಲ್ಲ.

ಕೊಟ್ಟಿಗೆಯಲ್ಲಿ ಪೀಪಾಯಿಯ ಪಕ್ಕ ನಮ್ಮವರ ಬೇಸ್ ಗಿಟಾರ್ ಒರಗಿತ್ತು. ಅವರು ಬಸ್ ಓಡಿಸುತ್ತಿದ್ದವರು. ರಜೆಯಲ್ಲಿ ಮೂವರು ಗೆಳೆಯರ ಜೊತೆ ವಾದ್ಯಗೋಷ್ಠಿ. ಮದುವೆಯಾದ ವಾರವೇ ನಾನು ಆ ಗಿಟಾರನ್ನು ಮನೆಯಿಂದ ಕೊಟ್ಟಿಗೆಗೆ ಗಡಿಪಾರು ಮಾಡಿದ್ದೆ. ಅದಕ್ಕೆ ರಾಗವಿಲ್ಲ, ಬರೀ ದುಂ ದುಂ. ಸದ್ದು ಜಾಸ್ತಿಯಾದರೆ ಸೌಟಿನಿಂದ ಕೊಟ್ಟಿಗೆಯ ತಗಡಿಗೆ ಎರಡು ಬಾರಿಸುತ್ತಿದ್ದೆ. ಒಳಗೆ ದುಂ ದುಂ ನಿಲ್ಲುತ್ತಿತ್ತು.

ನೋಡಿದೆ. ಒಳ್ಳೆ ಗಟ್ಟಿ ಮರ. ಅಡಿ ಸಪಾಟು. ಪೀಪಾಯಿಯ ಬಾಯಿಗೆ ಅಳತೆ ತೆಗೆದು ಮಾಡಿಸಿದ ಹಾಗಿತ್ತು. ಕತ್ತು ಮಾತ್ರ ಅಡ್ಡ ಬಂತು. ನಾಲ್ಕು ತಿರುಪು ಬಿಚ್ಚಿ ಕತ್ತನ್ನು ಬೀರುವಿನಲ್ಲಿಟ್ಟೆ. ಮೈಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಪ್ಪಿನ ಮೇಲಿಟ್ಟೆ. ಅದರ ಮೇಲೆ ನಾನು ಎತ್ತಬಲ್ಲಂಥ ನೀರಿನ ಡಬ್ಬಿಗಳು, ಒಂದೊಂದಾಗಿ. ಆ ವರ್ಷದ ಸೊಪ್ಪು ಚೆನ್ನಾಗಿಯೇ ಆಯಿತು. ನಾನೊಬ್ಬಳೇ ತಿಂದೆ.

ಏಪ್ರಿಲ್‌ನಲ್ಲಿ ಪೀಪಾಯಿ ಖಾಲಿಯಾದಾಗ ಚೀಲ ಬಿಚ್ಚಿದೆ. ಚೀಲ ಹರಿದಿತ್ತು. ಐದು ತಿಂಗಳು ಆ ಮೈ ಉಪ್ಪುನೀರು ಕುಡಿದಿತ್ತು. ಬಣ್ಣ ಬೊಬ್ಬೆ ಎದ್ದಿತ್ತು. ಅಂಟಿಸಿದ ಜಾಗದಲ್ಲಿ ಮರ ಬಾಯಿ ಬಿಟ್ಟಿತ್ತು. ಕಬ್ಬಿಣವಿದ್ದಲ್ಲಿ ತುಕ್ಕು, ತಾಮ್ರವಿದ್ದಲ್ಲಿ ಹಸಿರು. ಮತ್ತೆ ಸುತ್ತಿ ಇಟ್ಟುಬಿಟ್ಟೆ. ಯಾರು ಕೇಳುತ್ತಾರೆ?

ಮೇ ತಿಂಗಳಲ್ಲಿ ಕೇಳಿದರು. ಆ ಮೂವರು ಗೆಳೆಯರಲ್ಲಿ ಡ್ರಮ್ ಬಾರಿಸುವ ಒಗುಚಿ ಬಂದು ಜಗಲಿಯಲ್ಲಿ ಕೂತ.

"ಅತ್ತಿಗೆ, ವರ್ಷದ ಪೂಜೆ ದಿನ ಗೊರೊನ ಫೋಟೋ ಮುಂದೆ ನಾವು ಮೂವರೂ ಬಾರಿಸ್ತೀವಿ. ನಮ್ಮ ಹಾಡುಗಾರ ತಾಕಿ ಈಗ ಬೇಸ್ ಕಲೀತಿದಾನೆ. ಗೊರೊನ ಬೇಸೇ ಬೇಕು. ಚೆನ್ನಾಗಿಟ್ಟಿದೀರಿ ತಾನೆ?"

"ಜೋಪಾನವಾಗಿ ಸುತ್ತಿಟ್ಟಿದೀನಿ" ಅಂದೆ. ಸುಳ್ಳಲ್ಲವಲ್ಲ.

ಅವನು ಹೋದ ಮೇಲೆ ಕೊಟ್ಟಿಗೆಗೆ ಓಡಿ ಚೀಲ ಮತ್ತೆ ಬಿಚ್ಚಿ ನೋಡಿದೆ. ಗಂಡನ ಗಿಟಾರನ್ನು ಉಪ್ಪಿಗೆ ಹಾಕಿದ ಹೆಂಗಸು ಅಂತ ಊರೆಲ್ಲ ಹೆಸರಾಗುತ್ತದೆ. ಅದಾದರೂ ಹೋಗಲಿ. ಆ ಮೂವರ ಮುಂದೆ, ನಮ್ಮವರ ಫೋಟೋದ ಮುಂದೆ, ಹೇಗೆ ಕೂರುವುದು?

ನಮ್ಮೂರಲ್ಲಿ ಗಿಟಾರ್ ಕಾರ್ಖಾನೆಗಳಿವೆ. ಬೀದಿಗೊಬ್ಬ ನಿವೃತ್ತ ಕೆಲಸಗಾರ ಸಿಗುತ್ತಾನೆ. ನಮ್ಮ ಬೀದಿಗೆ ಉಶಿಯಾಮ ಅಜ್ಜ. ಮೈಯನ್ನು ತಳ್ಳುಗಾಡಿಯಲ್ಲಿ, ಮೇಲೆ ಮೂಲಂಗಿ ಮುಚ್ಚಿ, ಅವನ ಹತ್ತಿರ ಒಯ್ದೆ.

"ಇದು ಯಾವ ಸಮುದ್ರದಲ್ಲಿ ಮುಳುಗಿತ್ತಮ್ಮ?"

"ಸೂರು ಸೋರಿತು."

ಅಜ್ಜ ಮರದ ಮೇಲೆ ಬೆರಳು ಉಜ್ಜಿ ನೆಕ್ಕಿದ. "ನಿಮ್ಮ ಮನೆ ಸೂರು ಉಪ್ಪುಪ್ಪಾಗಿ ಸೋರುತ್ತೆ" ಅಂದ. ಆಮೇಲೆ ಗುಂಡಿ ತಿರುಗುವ ತೂತಿನಿಂದ ಚಿಮಟದಲ್ಲಿ ಏನನ್ನೋ ಎತ್ತಿ ತೋರಿಸಿದ. "ಮೆಣಸಿನ ಬೀಜನೂ ಸೋರುತ್ತೆ."

ನಾನು ಮೂಲಂಗಿಗಳನ್ನು ಮತ್ತೆ ಗಾಡಿಯಲ್ಲಿ ಜೋಡಿಸತೊಡಗಿದೆ.

"ಮೈ ಉಳಿಸಬಹುದು" ಅಂದ ಅಜ್ಜ. "ಉಳಿದದ್ದೆಲ್ಲ ಬೇರೆ ಹಾಕ್ಬೇಕು."

ಬೇಸಿಗೆಯೆಲ್ಲ ಅದೇ ಕೆಲಸ. ಅಜ್ಜ ನೆರಳಿನಲ್ಲಿ ಒಣಗಿಸಿದ, ಉಪ್ಪು ಹೊರಗೆ ಬಿಳಿಚಿಕೊಂಡಾಗ ಒರೆಸಿದ, ಮತ್ತೆ ಒಣಗಿಸಿದ. ಬಿರುಕಿಗೆ ಅಂಟು ಹಾಕಿ ಬಿಗಿದ. ಲೊಡಲೊಡ ಅನ್ನುತ್ತಿದ್ದ ತಿರುಪಿನ ತೂತುಗಳಿಗೆ ಗಟ್ಟಿಮರದ ಬೆಣೆ ಹೊಡೆದು ಹೊಸದಾಗಿ ಕೊರೆದ. ತಂತಿ ಕಟ್ಟುವ ಕಬ್ಬಿಣದ ಸೇತುವೆ, ತಂತಿಯ ನಡುಕ ಹಿಡಿಯುವ ಪಿಕಪ್ಪು, ಒಳಗಿನ ವೈರು, ಗುಂಡಿಗಳು, ಎಲ್ಲವನ್ನೂ ತನ್ನ ಅಟ್ಟದಲ್ಲಿದ್ದ ಮುರಿದ ಬೇಸುಗಳಿಂದ ಕಿತ್ತು ತಂದ. ಉಪ್ಪುಕಾಗದ ಉಜ್ಜಿದ್ದು ನಾನು. (ಉಪ್ಪು ಹಾಕಿದವಳೇ ಉಜ್ಜಲಿ ಅಂದ ಅಜ್ಜ.) ಮೇಲೆ ಅದೇ ಕಂದು ಬಣ್ಣ.

"ಅಜ್ಜ, ವಾಸನೆ ಇನ್ನೂ ಇದೆ."

"ಮೂಗು ನಿಂದು, ತಪ್ಪೂ ನಿಂದು. ಬೇರೆಯವರಿಗೆ ಬರಲ್ಲ."

ನನಗೆ ನಂಬಿಕೆ ಬರಲಿಲ್ಲ. ಮನೆಗೆ ತಂದು, ಒಣಗಿದ ಚಹಾ ಎಲೆಯ ಬಟ್ಟೆಗಂಟುಗಳನ್ನು ಸುತ್ತ ಜೋಡಿಸಿ ಒಂದು ತಿಂಗಳು ಮಲಗಿಸಿದೆ. ನಮ್ಮವರಿಗೆ ಜ್ವರ ಬಂದಾಗಲೂ ಅಷ್ಟು ಉಪಚಾರ ಮಾಡಿರಲಿಲ್ಲ. ಕೊನೆಗೆ ಮೂಗು ಒತ್ತಿ ಎಳೆದರೂ ಬಣ್ಣದ ವಾಸನೆ ಬಿಟ್ಟು ಬೇರೇನೂ ಇಲ್ಲ. ಬೀರುವಿನಿಂದ ಕತ್ತು ತೆಗೆದು ಅಜ್ಜನ ಕೈಯಲ್ಲಿ ಕೂಡಿಸಿದೆ. ಗೆದ್ದೆ ಅಂದುಕೊಂಡೆ.

ವರ್ಷದ ದಿನ ಭಿಕ್ಷು ಬಂದು ಮಂತ್ರ ಹೇಳಿ ಹೋದರು. ಒಗುಚಿ ಒಂದು ಸಣ್ಣ ಡ್ರಮ್ ತಂದಿದ್ದ, ಮೂರನೆಯವನಾದ ಕಮಿಜೊ ತನ್ನ ಗಿಟಾರ್ ತಂದಿದ್ದ. ನಾನು ಬೇಸನ್ನು ಎರಡೂ ಕೈಯಲ್ಲಿ ಹಿಡಿದು ತಾಕಿಗೆ ಕೊಟ್ಟೆ. ತಾಕಿ ಹೆಗಲಿಗೆ ಹಾಕಿಕೊಂಡ. ತಲೆ ಬಗ್ಗಿಸಿದ. ಮೂಸಿದ. ಕಮಿಜೊನ ಮುಖ ನೋಡಿದ. ಕಮಿಜೊ ಬಂದು ಮೂಸಿದ. ಒಗುಚಿಯೂ ಮೂಸಿದ.

"ಕತ್ತು ಗೊರೊಂದೇ" ಅಂದ ತಾಕಿ. "ಮೈ ಯಾರದೋ."

"ಏನಂದ್ರಿ?"

"ಅತ್ತಿಗೆ" ಅಂದ ಕಮಿಜೊ ಮೆಲ್ಲಗೆ, "ಕಷ್ಟ ಇದ್ರೆ ನಮಗೆ ಹೇಳ್ಬೇಕಿತ್ತು. ಮಾರಿಬಿಟ್ರಾ?"

"ಮಾರೋದಾ! ನಾನಾ! ಇದು ಅವರದೇ ಕಣ್ರೀ!"

"ಗೊರೊನ ಬೇಸು ಉಪ್ಪುಸೊಪ್ಪಿನ ವಾಸನೆ ಹೊಡೀತಿತ್ತು ಅತ್ತಿಗೆ. ಕೊಟ್ಟಿಗೇಲೇ ಇರ್ತಿತ್ತಲ್ಲ, ಮೂವತ್ತು ವರ್ಷ. ಅವನು ಬಾರಿಸಿ ಬೆವರಿದ್ರೆ ಇನ್ನೂ ಘಂ ಅಂತ ಏಳೋದು" ಅಂದ ತಾಕಿ.

"ನಮಗೆ ಹಸಿವಾಗೋದು" ಅಂದ ಒಗುಚಿ. "ನಮ್ಮ ಹಾಡುಗಳು ಅಷ್ಟು ಬೇಗ ಮುಗೀತಿದ್ದಿದ್ದು ಯಾಕೆ ಅನ್ಕೊಂಡ್ರಿ? ನಿಮಗೆ ಗೊತ್ತಿರ್ಬೇಕಲ್ಲ."

ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಅವರು ಬಾರಿಸುವುದನ್ನು ಕೇಳಲು ನಾನು ಹೋಗಿರಲಿಲ್ಲ.

ಮುಚ್ಚಿಡಲೆಂದು ಐದು ತಿಂಗಳು ಉಜ್ಜಿದ್ದೆ. ಈಗ ಬಿಚ್ಚಿ ಹೇಳದಿದ್ದರೆ ಗಂಡನ ಬೇಸು ಮಾರಿದವಳಾಗುತ್ತೇನೆ. ಹೇಳಿದೆ. ಪೀಪಾಯಿ, ಚೀಲ, ನೀರಿನ ಡಬ್ಬಿ, ಮೂಲಂಗಿ, ಎಲ್ಲ. ಯಾರೂ ನಂಬಿದ ಹಾಗೆ ಕಾಣಲಿಲ್ಲ.

ಬೇಸಿನ ಬೆನ್ನಿಗಿದ್ದ ಮುಚ್ಚಳದ ಒಳಗಿನ ಮರಕ್ಕೆ ಅಜ್ಜ ಬಣ್ಣ ಬಳಿದಿರಲಿಲ್ಲ. ಅಲ್ಲಿ ಯಾರು ನೋಡ್ತಾರೆ ಅಂದಿದ್ದ. ಅದು ನೆನಪಾಯಿತು. ಅಡಿಗೆಮನೆಯಿಂದ ತಿರುಪುಳಿ ತಂದೆ, ಫೋಟೋದ ಮುಂದೆಯೇ ಬೇಸನ್ನು ಬೋರಲು ಹಾಕಿ ಮುಚ್ಚಳ ಬಿಚ್ಚಿದೆ.

"ಮೂಸಿ!"

ಮೂರು ಬೋಳುತಲೆಗಳು ಒಂದು ತೂತಿನ ಮೇಲೆ ಬಗ್ಗಿದವು. ತುಂಬ ಹೊತ್ತು ಏಳಲಿಲ್ಲ.

"ಗೊರೊ" ಅಂದ ಒಗುಚಿ. ಅವನ ಮೂಗು ಸೋರುತ್ತಿತ್ತು.

ತಾಕಿ ಇನ್ನೊಂದು ಸಲ ಎಳೆದುಕೊಂಡು, "ಹೋದ ವರ್ಷ ಉಪ್ಪು ಒಂಚೂರು ಜಾಸ್ತಿ ಹಾಕಿದೀರಿ ಅತ್ತಿಗೆ" ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂದು ವರ್ಷದಿಂದ ನಕ್ಕಿರಲಿಲ್ಲ, ಕೆನ್ನೆ ನೋವಾಯಿತು.

"ಅಲ್ಲ ಅತ್ತಿಗೆ, ಕಲ್ಲು ಯಾಕೆ ಇಡ್ಲಿಲ್ಲ?" ಅಂತ ಕಮಿಜೊ ಕೇಳಿದ.

"ಎತ್ತೋರು ಯಾರು?"

ಮೂವರೂ ನಮ್ಮವರ ಫೋಟೋ ನೋಡಿದರು.

ನವೆಂಬರಿನಲ್ಲಿ ಬಂದರು. ನಮ್ಮವರೊಬ್ಬರೇ ಎತ್ತುತ್ತಿದ್ದ ಕಲ್ಲನ್ನು ಮೂವರು ಸೇರಿ, ಊರಿಗೆಲ್ಲ ಕೇಳುವ ಹಾಗೆ ಹುಂಗುಟ್ಟಿ ಎತ್ತಿಟ್ಟರು. ಕಮಿಜೊಗೆ ಸೊಂಟ ಹಿಡಿದು ಎರಡು ದಿನ ನಮ್ಮ ಮನೆಯಲ್ಲೇ ಬಿದ್ದುಕೊಂಡಿದ್ದ. ಗಂಜಿ ಕುಡಿಸಿದವಳು ನಾನು.

ಅಷ್ಟಕ್ಕೇ ಬಿಡಲಿಲ್ಲ. ಬೇಸ್ ಗಿಟಾರಿಗೆ ಹಳೇ ವಾಸನೆ ಮತ್ತೆ ಹತ್ತಬೇಕಂತೆ. ಅದಕ್ಕೆ ಅದು ಪೀಪಾಯಿಯ ಪಕ್ಕದಲ್ಲೇ ಇರಬೇಕಂತೆ. ಬೇಸು ಇದ್ದಲ್ಲೇ ಅಭ್ಯಾಸವಂತೆ. ಒಬ್ಬರ ದುಂ ದುಂ ತಡೆಯಲಾರದೆ ಗಡಿಪಾರು ಮಾಡಿದ್ದ ನನ್ನ ಕೊಟ್ಟಿಗೆಯಲ್ಲಿ ಈಗ ಪ್ರತಿ ಗುರುವಾರ ಮೂವರು. ಮಧ್ಯೆ ಮಧ್ಯೆ ಪೀಪಾಯಿಗೆ ಕೈ ಹಾಕಿ ಸೊಪ್ಪು ತಿನ್ನುವುದು ಬೇರೆ.

ಹೋದ ಗುರುವಾರ ನಾನು ಕೊಟ್ಟಿಗೆಯ ಹೊರಗೆ ಪಾತ್ರೆ ತೊಳೆಯುತ್ತಿದ್ದೆ. ಕೈ ಜಾರಿ ಸೌಟು ತಗಡಿಗೆ ಬಡಿಯಿತು. ಢಣ್ ಅಂತು.

ಒಳಗೆ ಎಲ್ಲ ಗಪ್‌ಚಿಪ್. ಸೌಟಿನ ಅರ್ಥ ನಮ್ಮವರು ಹೇಳಿಕೊಟ್ಟಿದ್ದರು ಅಂತ ಕಾಣುತ್ತದೆ.

ಸ್ವಲ್ಪ ಹೊತ್ತು ಕಾದೆ. ಯಾರೂ ಶುರುಮಾಡಲಿಲ್ಲ.

"ಯಾಕ್ರೋ ನಿಲ್ಸಿದ್ರಿ?" ಅಂತ ನಾನೇ ಕೂಗಬೇಕಾಯಿತು. "ಬಾರಿಸಿ! ಆ ದುಂ ದುಂ ಮಾತ್ರ ಒಂಚೂರು ಜೋರಾಗಿ!"