ಹಿಂದಿನ ಬೀದಿಯ ಕೊಳಗ

ಗಂಡಸರಿಗೆ ಹಿರಿಯರ ನೆನಪಾಗುವುದು ಆಸ್ತಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವಾಗ. ಹೆಂಗಸರಿಗೆ ನೆನಪಾಗುವುದು ಮಗುವಿಗೆ ಹೆಸರಿಡುವಾಗ. ಉಳಿದ ದಿನಗಳಲ್ಲಿ ಸತ್ತವರು ಅವರ ಪಾಡಿಗೆ ಇರುತ್ತಾರೆ, ನಾವು ನಮ್ಮ ಪಾಡಿಗೆ ರಾಗಿ ಕೇರಿಕೊಂಡು ಇರುತ್ತೇವೆ. ನಾನೂ ಹಾಗೇ ಇದ್ದವಳು. ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಓದಬಲ್ಲೆ. ಬರೆದರೆ ಒತ್ತಕ್ಷರಗಳು ತಮಗೆ ಇಷ್ಟ ಬಂದ ಕಡೆ ಹೋಗಿ ಕೂರುತ್ತವೆ, ಮಗ ಎಬ್ಬಿಸಿ ಸರಿಯಾದ ಜಾಗಕ್ಕೆ ಕಳಿಸುತ್ತಾನೆ. ಇಂಥವಳಿಗೆ ವಂಶದ ಚರಿತ್ರೆ ಯಾಕೆ ಬೇಕಿತ್ತು ಎಂದು ನೀವು ಕೇಳಿದರೆ ತಪ್ಪೇನಿಲ್ಲ. ನನ್ನ ಸೊಸೆಯೂ ಕೇಳಿದಳು.

ಶುರುವಾದದ್ದು ತೋಟದಿಂದ. ನಮ್ಮ ಯಜಮಾನರು ಹೋದ ಮೇಲೆ ಅರಸೀಕೆರೆಯ ತೆಂಗಿನ ತೋಟದ ಖಾತೆ ಮಗ ಮಲ್ಲೇಶನಿಗೆ ಆಗಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು ಎಂದರು. ಮಲ್ಲೇಶ ಗುಮಾಸ್ತೆ ಕೆಲಸದವನು, ಹಳೇ ಕಾಗದ ಕಂಡರೆ ಅವನಿಗೆ ಬೆಲ್ಲ ಕಂಡಂತೆ. ಖಾತೆಗೆ ಬೇಕಾದದ್ದು ಅಪ್ಪ, ತಾತ ಇಬ್ಬರೇ. ಇವನು ಅವರ ಅಪ್ಪ, ಅವರಪ್ಪನ ಅಪ್ಪ ಎಂದು ಅಗೆಯುತ್ತ ಹೋಗಿ, ದೊಡ್ಡ ಹಾಳೆಯ ಮೇಲೆ ಒಂದು ಮರ ಬರೆದು, ಕೊಂಬೆಗೊಬ್ಬ ಗಂಡಸನ್ನು ಹತ್ತಿಸಿ, ನಡುಮನೆಯ ಗೋಡೆಗೆ ಅಂಟಿಸಿದ. ನಾನು ಕನ್ನಡಕ ಹಾಕಿಕೊಂಡು ಬುಡದಿಂದ ತುದಿಯವರೆಗೆ ನೋಡಿದೆ. ಒಂದು ಹೆಂಗಸಿಲ್ಲ.

"ಏನೋ ಮಲ್ಲೇಶ, ಇವರೆಲ್ಲ ತೆಂಗಿನಕಾಯಿ ಹಂಗೆ ಮರದಲ್ಲೇ ಬಿಟ್ರೇನೋ?" ಎಂದೆ.

"ಖಾತೆಗೆ ಇಷ್ಟು ಸಾಕು ಕಣವ್ವ."

"ಇವರಿಗೆ ಉಣ್ಣಕ್ಕೆ ಇಕ್ಕಿದೋರು ಯಾರು ಅಂತ ಖಾತೆ ಕೇಳಕಿಲ್ವ?"

"ಕೇಳಲ್ಲ," ಎಂದು ಅವನು ಅಂಟಿನ ಬಟ್ಟಲು ತೊಳೆಯಲು ಹೋದ.

ವಿಷಯ ಅಲ್ಲಿಗೇ ನಿಲ್ಲುತ್ತಿತ್ತು. ಅಷ್ಟರಲ್ಲಿ ಸೊಸೆ ಗಿರಿಜಾ ಹೆತ್ತಳು. ಎರಡು ಗಂಡಾದ ಮೇಲೆ ಒಂದು ಹೆಣ್ಣು. ಮೊದಲೆರಡು ಬಾಣಂತನ ಅವಳ ತವರಿನಲ್ಲಿ ಆಗಿದ್ದರಿಂದ ಇದು ನನ್ನ ಪಾಲಿಗೆ ಬಂತು. ಹೆಸರಿನ ಮಾತು ಬಂದಾಗ ಅವಳು "ಆಶಾ ಅಂತ ಇಡೋಣ ಅತ್ತೆ" ಎಂದಳು. ನಾನು ಆಗಲ್ಲ ಎಂದೆ. ಈ ಮನೆಗೆ ಬಂದ ಮೊದಲ ಹೆಣ್ಣುಮಗು, ನಮ್ಮಜ್ಜಿಯ ಹೆಸರೇ ಆಗಬೇಕು ಎಂದು ಹಟ ಹಿಡಿದೆ. ಆ ಹೆಸರನ್ನು ಮನೆಯೊಳಗೆ ದಿನಕ್ಕೆ ಹತ್ತಾರು ಸಲ ಕೂಗಬಹುದು, ಕೂಗಿದರೆ ಯಾರಾದರೂ ಒಬ್ಬರು ಓಗೊಡುತ್ತಾರೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಆಸೆ. ಅದನ್ನು ಸೊಸೆಗೆ ಹೇಳಲಿಲ್ಲ. ಹೇಳಿದರೆ ಅತ್ತೆ ಮೆತ್ತಗಾದಳು ಎಂದುಕೊಳ್ಳುತ್ತಾಳೆ.

ಗಿರಿಜಾ ಒಳ್ಳೆಯವಳು. "ಆಯ್ತು ಅತ್ತೆ, ನಿಮ್ಮಜ್ಜಿ ಹೆಸರು ಏನು ಹೇಳಿ," ಎಂದಳು. ನಾನು ಬಾಯಿ ತೆರೆದೆ. ಬಾಯಲ್ಲಿ ಏನೂ ಇರಲಿಲ್ಲ.

ಹೆತ್ತವಳು ನನಗೆ ನೆನಪಿಲ್ಲ. ಹಳೇಬೀಡಿನಲ್ಲಿ ನನ್ನನ್ನು ಸಾಕಿದವಳು ಅಪ್ಪನ ತಾಯಿ. ಅವಳ ವಿಚಾರದಲ್ಲಿ ನನಗೆ ಗೊತ್ತಿಲ್ಲದ್ದು ಇಲ್ಲ ಎಂದುಕೊಂಡಿದ್ದೆ. ಮುದ್ದೆ ಕಟ್ಟುವಾಗ ಕೈಗೆ ನೀರು ಮುಟ್ಟಿಸುತ್ತಿರಲಿಲ್ಲ. ಸುಡುವ ಹಿಟ್ಟನ್ನು ಬೈದುಕೊಂಡೇ ಉಂಡೆ ಮಾಡುತ್ತಿದ್ದಳು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಮೇಲೆ ಬೆರಳಿನಲ್ಲಿ ಮಿಕ್ಕಿದ್ದನ್ನು ನನ್ನ ಹಣೆಗೆ ಒರೆಸುತ್ತಿದ್ದಳು. ಎಮ್ಮೆಯನ್ನು ಕೆರೆಗೆ ಇಳಿಸಿ, ಅದು ತಾನಾಗಿ ಮೇಲೆ ಬರುವವರೆಗೆ ಏರಿಯ ಮೇಲೆ ಕೂತು ನನ್ನ ತಲೆಯಲ್ಲಿ ಹೇನು ಹುಡುಕುತ್ತಿದ್ದಳು. ಅವಳ ಸೀರೆಗೆ ಹೊಗೆ, ಬೆಣ್ಣೆ, ಎಲೆಯಡಿಕೆ ಮೂರೂ ಕಲೆತ ಒಂದು ವಾಸನೆ ಇತ್ತು. ಆ ವಾಸನೆ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ. ನನಗೆ ಜ್ವರ ಬಂದರೆ ತಲೆದಿಂಬಿನ ಹತ್ತಿರ ನಿಂತು, "ಸತ್ಗಿತ್ತೀಯ, ನಂಗೆ ಕೆಲ್ಸ ಐತೆ," ಎನ್ನುತ್ತಿದ್ದಳು. ಪ್ರೀತಿ ಎಂದರೆ ಇದೇ ಎಂದು ಆಗ ತಿಳಿದುಕೊಂಡಿದ್ದೆ. ಈಗಲೂ ಹಾಗೇ ತಿಳಿದಿದ್ದೇನೆ.

ಇಷ್ಟೆಲ್ಲ ಗೊತ್ತು, ಹೆಸರು ಗೊತ್ತಿಲ್ಲ. ಅವಳು ಮಕ್ಕಳಿಗೆ ಅವ್ವ, ಸೊಸೆಯರಿಗೆ ಅತ್ತೆ, ನಮಗೆ ಅಜ್ಜಿ, ಬೀದಿಗೆ ಮೂಲೆಮನೆಯವಳು. ತಾತನಿಗೆ ಅವಳು ಬೇಕಾದರೆ ಕೆಮ್ಮುತ್ತಿದ್ದ. ಒಂದು ಕೆಮ್ಮಿಗೆ ನೀರು, ಎರಡು ಕೆಮ್ಮಿಗೆ ಊಟ. ಕೆಮ್ಮನ್ನು ಮಗುವಿಗೆ ಇಡಲು ಬರುವುದಿಲ್ಲವಲ್ಲ.

ಮಲ್ಲೇಶನನ್ನು ಹೊರಡಿಸಿಕೊಂಡು ಹಳೇಬೀಡಿನ ಬಸ್ಸು ಹತ್ತಿದೆ. ಅಲ್ಲಿಯ ಶಾನುಭೋಗರು ವಯಸ್ಸಾದವರು, ಮರ್ಯಾದಸ್ಥರು. ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಪುಸ್ತಕ ಬಿಚ್ಚಿ ನಮ್ಮ ತಾತನ ಹೆಸರು ತೋರಿಸಿದರು. ಹೊಲ ಇತ್ತು, ಹೊಲದ ಬದುವಿನ ಹುಣಸೆಮರವೂ ಇತ್ತು. ಆ ಮರ ಬಡಿದು, ಹಣ್ಣು ಆಯ್ದು, ಬೀಜ ಬಿಡಿಸಿ, ಉಪ್ಪು ಹಾಕಿ ಮಡಕೆಗೆ ತುಂಬುತ್ತಿದ್ದವಳು ಮಾತ್ರ ಇರಲಿಲ್ಲ.

"ಹೆಂಗಸರ ಮೇಲೆ ಕಂದಾಯ ಇರ್ಲಿಲ್ಲ ಕಣಮ್ಮ," ಎಂದರು ಶಾನುಭೋಗರು. "ಕಂದಾಯ ಇಲ್ದಿದ್ದನ್ನ ಬರ್ಕೊಂಡು ನಾವೇನು ಮಾಡೋಣ ಹೇಳಿ?"

"ಕಂದಾಯ ಹಾಕ್ಬೇಕಾಗಿತ್ತು ಸ್ವಾಮಿ. ಕಟ್ಟಿ, ಹೆಸರು ಉಳಿಸ್ಕೊಳ್ತಿದ್ರು," ಎಂದು ಎದ್ದುಬಂದೆ.

ಅಜ್ಜಿಯ ಮಕ್ಕಳಲ್ಲಿ ಉಳಿದಿರುವವನು ಚಿಕ್ಕಪ್ಪ ಒಬ್ಬನೇ. ಕಿವಿ ಮಂದ. ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಅವನ ಕಿವಿಗೆ ಬಾಯಿಟ್ಟು, "ನಿಮ್ಮವ್ವನ ಹೆಸರೇನು ಚಿಕ್ಕಪ್ಪ?" ಎಂದು ಕೂಗಿದೆ.

"ಅವ್ವ," ಎಂದ.

"ಅದಲ್ಲ, ಹೆಸರು."

"ಅವ್ವನ್ನ ಹೆಸ್ರು ಹಿಡ್ದು ಕರೆದಿದ್ರೆ ಬಾಯಲ್ಲಿ ಹಲ್ಲು ಇರ್ತಿದ್ವ?" ಎಂದು ಹಲ್ಲಿಲ್ಲದ ಬಾಯಲ್ಲೇ ನಕ್ಕ. ನನ್ನ ಮುಖ ನೋಡಿ ಅವನಿಗೆ ಪಾಪ ಎನ್ನಿಸಿರಬೇಕು. "ನಮ್ಮಪ್ಪನ ಎತ್ತುಗಳ ಹೆಸ್ರು ಬೇಕಾರೆ ಹೇಳ್ತೀನಿ ಕಣವ್ವ. ಮೊದ್ಲು ರಾಮ, ಬಸವ. ಅವು ಮುದಿಯಾದ್ಮೇಲೆ ಕರಿಯ, ಚೆನ್ನಿಗ. ಚೆನ್ನಿಗ ಹಾಯ್ತಿದ್ದ, ಅವನ್ನ ಮಾರಿ ತಂದಿದ್ದೇ ಮೈಲಾರಿ." ಮೈಲಾರಿಯ ಸುಳಿ ಎಲ್ಲಿತ್ತು, ಯಾವ ಕೊಂಬು ವಾರೆ ಇತ್ತು ಎನ್ನುವುದನ್ನೂ ಹೇಳಿದ. ಮಲ್ಲೇಶ ಗುರುತು ಹಾಕಿಕೊಳ್ಳಲು ಪೆನ್ಸಿಲ್ ತೆಗೆದ. ನಾನು ದುರುಗುಟ್ಟಿ ನೋಡಿದ ಮೇಲೆ ಒಳಗಿಟ್ಟ.

ನಾವು ಹೊರಡುವಾಗ ಚಿಕ್ಕಪ್ಪನಿಗೆ ಏನೋ ನೆನಪಾಯಿತು. ಅಟ್ಟದ ಮೇಲಿಂದ ಒಂದು ಹಿತ್ತಾಳೆ ಕೊಳಗ ಇಳಿಸಿಕೊಟ್ಟ. ಕಲಾಯಿ ಹೋಗಿತ್ತು, ಮೈಯೆಲ್ಲ ಕಪ್ಪು. "ಅವ್ವಂದು. ಯಾರಿಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ಕಂಠದ ಮೇಲೆ ಏನೋ ಕೆತ್ತೈತೆ ನೋಡು," ಎಂದ. ಸೆರಗಿನಿಂದ ಉಜ್ಜಿದೆ. ಒಂದೊಂದೇ ಅಕ್ಷರ ಎದ್ದುಬಂತು. ಗೌರಮ್ಮ.

ಬಸ್ಸು ಬರುವವರೆಗೆ ದೊಡ್ಡ ದೇವಸ್ಥಾನದ ಎದುರು ಕೂತೆವು. ಕೊಳಗ ನನ್ನ ಮಡಿಲಲ್ಲಿತ್ತು. ಗೋಡೆಯ ಬೊಂಬೆಗಳ ಕೆಳಗೆ ಕೆತ್ತಿದವರು ತಮ್ಮ ಹೆಸರು ಬರೆದು ಹೋಗಿದ್ದಾರೆ ಎಂದು ಮಲ್ಲೇಶ ಹೇಳಿದ. ಹಾಗಾದರೆ ಕುಣಿಯುವವಳ ಹೆಸರು ಎಲ್ಲಿ ಎಂದೆ. ಅದಿಲ್ಲವಂತೆ. ಅಜ್ಜಿ ನನ್ನನ್ನು ಇಲ್ಲಿಗೆ ಕರೆತಂದಾಗಲೆಲ್ಲ ಆ ಕಲ್ಲಿನ ಹೆಂಗಸರನ್ನು ನೋಡಿ ಮೂತಿ ತಿರುಗಿಸುತ್ತಿದ್ದಳು. "ಅಷ್ಟು ಒಡವೆ ಹೇರ್ಕೊಂಡು, ಸೊಂಟ ಮುರ್ಕೊಂಡು ನಿಂತವ್ರೆ. ಒಬ್ಳಿಗಾದ್ರೂ ಮನೇಲಿ ಕೆಲ್ಸ ಐತ ನೋಡು," ಎನ್ನುತ್ತಿದ್ದಳು. ಗೌರಮ್ಮ, ಗೌರಮ್ಮ ಎಂದು ಮನಸ್ಸಿನಲ್ಲೇ ಕರೆದು ನೋಡಿದೆ. ಅಜ್ಜಿಯ ಮೈಗೆ ಆ ಹೆಸರು ಸ್ವಲ್ಪ ಬಿಗಿಯಾಗಿ ಕಂಡಿತು. ಹೊಸ ರವಿಕೆಯೂ ಹಾಗೇ, ತೊಡುತ್ತ ತೊಡುತ್ತ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಗೌರಮ್ಮ ಎಂದರೆ ಸ್ಕೂಲಿನಲ್ಲಿ ನಗುತ್ತಾರೆ ಎಂದು ಗಿರಿಜಾ ಅಂಜಿದ್ದರಿಂದ ಗೌರಿ ಎಂದು ತೀರ್ಮಾನವಾಯಿತು. ತೊಟ್ಟಿಲಿಗೆ ಹಾಕುವ ದಿನ ಕೊಳಗವನ್ನು ಹುಣಸೆಹಣ್ಣು ಹಾಕಿ ಮುಖ ಕಾಣುವ ಹಾಗೆ ತಿಕ್ಕಿ, ಕಲಾಯಿ ಹಾಕಿಸಿ, ಪಾಯಸ ತುಂಬಿ ನಡುಮನೆಯಲ್ಲೇ ಇಟ್ಟೆ. ಬಂದವರಿಗೆಲ್ಲ ಕಂಠದ ಕೆಳಗಿನ ಬೆಸುಗೆ ತೋರಿಸಿ, ಒಡೆದದ್ದನ್ನೂ ಬಿಸಾಡದೆ ಬಾಳಿದ ಹೆಂಗಸು ನಮ್ಮಜ್ಜಿ ಎಂದು ಕೊಚ್ಚಿಕೊಂಡೆ. ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಮುಗಿಯಿತು. ಎಲೆ ಹಾಕುವ ಹೊತ್ತಿಗೆ ಬಾಣಾವರದಿಂದ ಸಾವಿತ್ರವ್ವ ಬಂದಳು. ಅವಳು ಗಿರಿಜಾಳ ಸೋದರತ್ತೆ. ಹಳೇಬೀಡಿನಲ್ಲಿ ನಮ್ಮ ತವರಿನ ಹಿಂದಿನ ಬೀದಿಯಲ್ಲೇ ಸಂಸಾರ ಮಾಡಿ, ಈಗ ಬಾಣಾವರದಲ್ಲಿ ಮಗನ ಮನೆಯಲ್ಲಿರುವವಳು. ಪಾಯಸ ನೋಡದೆ ಪಾತ್ರೆ ನೋಡಿದಳು.

"ಅಕ್ಕ, ಈ ಕೊಳಗ ಎಲ್ಲಿಂದ ಬಂತು?"

"ನಮ್ಮಜ್ಜಿದು. ಹೆಸರು ಐತೆ ನೋಡಿ."

"ಹೆಸ್ರು ನೋಡೇ ಕೇಳ್ತಿರೋದು. ಗೌರಮ್ಮ ನಮ್ಮತ್ತೆ."

ಊರಿನಲ್ಲಿ ಒಬ್ಬಳೇ ಗೌರಮ್ಮ ಇರುತ್ತಾಳೆಯೇ ಎಂದು ನಾನು ವಾದಿಸಿದೆ. "ಬೆಸುಗೆ ಐತಲ್ಲ, ಅದು ನಮ್ಮ ಮಾವ ಸಾರು ಸಪ್ಪೆ ಅಂತ ಎತ್ತಿ ಎಸೆದಿದ್ದು," ಎಂದಳು. ಬೆಸುಗೆಯ ಎದುರು ನನ್ನ ವಾದ ನಡೆಯಲಿಲ್ಲ.

ಅವಳು ಹೇಳಿದ ಮೇಲೆ ನನಗೂ ಎಲ್ಲ ನೆನಪಾಯಿತು. ಆಗ ಯಾರ ಮನೆಯಲ್ಲಿ ಮದುವೆಯಾದರೂ ಬೀದಿಯ ಪಾತ್ರೆಗಳೆಲ್ಲ ಅಲ್ಲಿಗೆ ಹೋಗುತ್ತಿದ್ದವು. ಯಾವುದೋ ಮದುವೆಯಲ್ಲಿ ನಮ್ಮ ಕೊಳಗ ಹಿಂದಿನ ಬೀದಿಗೆ ಹೋಯಿತು, ಅವರದ್ದು ನಮ್ಮ ಮನೆಗೆ ಬಂತು. ಬದಲಾಯಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಕದ್ದವಳು ಅವಳು, ಅವಳೇ ಮೊದಲು ತಂದುಕೊಡಲಿ ಎಂದು ನಮ್ಮಜ್ಜಿ. ಇವಳೇ ತರಲಿ ಎಂದು ಗೌರಮ್ಮ. ಇಬ್ಬರೂ ಸಾಯುವವರೆಗೆ ಮಾತಾಡಲಿಲ್ಲ. "ಆ ಹಿಂದಿನ ಬೀದಿಯವಳು" ಎಂದು ಅಜ್ಜಿ ಒಲೆಯ ಮುಂದೆ ಕೂತು ಬೈಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಕಾರಣ ಮರೆತುಹೋಗಿತ್ತು. ಅಂತೂ ನಮ್ಮಜ್ಜಿ ಜೀವಮಾನವಿಡೀ ಮುಖ ನೋಡದಿದ್ದವಳ ಹೆಸರನ್ನು ಹುಡುಕಿ ತಂದು, ಪಾಯಸ ಮಾಡಿ, ಮೊಮ್ಮಗಳಿಗೆ ಇಟ್ಟೆ.

ನನಗೆ ತಟ್ಟನೆ ಒಂದು ಆಸೆ ಹುಟ್ಟಿತು. ಗೆಳತಿಯರು ಹೆಸರು ಬಿಟ್ಟರೂ ಹಗೆಯವರು ಬಿಡುವುದಿಲ್ಲ. ಸಾವಿತ್ರವ್ವನ ಕೈ ಹಿಡಿದುಕೊಂಡು, "ನಿಮ್ಮತ್ತೆ ನಮ್ಮಜ್ಜಿನ ಬೈಯೋವಾಗ ಏನಂತ ಬೈತಿದ್ರು? ಹೆಸರು ಹಿಡ್ಕೊಂಡು ಬೈತಿದ್ರಾ?" ಎಂದೆ.

ಅವಳು ಪ್ರಾಮಾಣಿಕವಾಗಿ ಯೋಚನೆ ಮಾಡಿದಳು. "ಇಲ್ಲ ಕಣಕ್ಕ. ಆ ಮೂಲೆಮನೆಯವಳು ಅಂತಿದ್ರು," ಎಂದಳು.

ನಾನು ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದೆ. ಕೈ ಕೊಳೆಯಾಗಿರಲಿಲ್ಲ.

"ಈಗ ಹೆಸರು ಬದಲಾಯಿಸೋಕಾಗುತ್ತ ಅತ್ತೆ? ಕಿವಿಯಲ್ಲಿ ಹೇಳಿ ಆಗೋಯ್ತು," ಎಂದಳು ಗಿರಿಜಾ. ಮಗು ಹೆಸರಿನ ಚಿಂತೆಯಿಲ್ಲದೆ ನಿದ್ದೆ ಮಾಡುತ್ತಿತ್ತು. ಇರಲಿ ಎಂದೆ.

ಸಾವಿತ್ರವ್ವ ಹೋಗುವಾಗ, "ನಿಮ್ಮ ಕೊಳಗ ನಮ್ಮನೇಲೈತೆ. ಯಾರೂ ಕೇಳ್ಕೊಂಡು ಬರ್ಲಿಲ್ಲ ಅಂತ ಮಲ್ಲಿಗೆ ಗಿಡಕ್ಕೆ ನೀರು ಹಾಕ್ತಿದ್ವಿ," ಎಂದಿದ್ದಳು. ಬಾಣಂತನ ಒಂದು ಹದಕ್ಕೆ ಬಂದ ಮೇಲೆ ಅವರ ಕೊಳಗವನ್ನು ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿ ಬಾಣಾವರಕ್ಕೆ ಹೋದೆ. ಹೊಸಿಲಿನ ಈಚೆ ನಾನು, ಆಚೆ ಅವಳು, ಇಬ್ಬರ ಕೈಯಲ್ಲೂ ಕೊಳಗ. ಯಾರು ಮೊದಲು ಕೊಡುವುದು ಎಂದು ಒಂದು ಗಳಿಗೆ ಇಬ್ಬರೂ ನಿಂತೆವು. ಸತ್ತವರು ಇಬ್ಬರೂ ಹಿಂದೆ ನಿಂತು ಸೆರಗು ಜಗ್ಗುತ್ತಿದ್ದ ಹಾಗಿತ್ತು. ಕೊನೆಗೆ ಒಂದೇ ಸಲಕ್ಕೆ ಕೊಟ್ಟು, ಒಂದೇ ಸಲಕ್ಕೆ ತೆಗೆದುಕೊಂಡೆವು.

ವಾಪಸು ಬರುವಾಗ ರೈಲಿನಲ್ಲಿ ಕೊಳಗದ ಸುತ್ತ ಕೈಯಾಡಿಸಿದೆ. ಕಂಠದ ಮೇಲೆ ಹೆಸರಿರಲಿಲ್ಲ. ಒಳಗಡೆ ಹೆಬ್ಬೆರಳಿಗೆ ಏನೋ ಸಿಕ್ಕಿತು. ಮೊಳೆಯಿಂದ ಕುಟ್ಟಿದ ಮೂರು ಚುಕ್ಕಿ, ಕೆಳಗೊಂದು ಗೀಟು. ಕಣ್ಣಿಗಿಂತ ಮೊದಲು ಬೆರಳಿಗೆ ಗುರುತು ಸಿಕ್ಕಿತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಒನಕೆಗೆ, ಮೊರದ ಅಂಚಿಗೆ, ಮುದ್ದೆ ತಿರುವುವ ಕೋಲಿಗೆ ಎಲ್ಲಕ್ಕೂ ಈ ಮೂರು ಚುಕ್ಕಿ, ಒಂದು ಗೀಟು ಹಾಕುತ್ತಿದ್ದಳು. ಅದೇನಜ್ಜಿ ಎಂದು ನಾನು ಒಮ್ಮೆ ಕೇಳಿದಾಗ, ತಲೆ ಎತ್ತದೆ, "ಅದು ನಾನು ಕಣೇ," ಎಂದಿದ್ದಳು. ನಾನು ಅಳಲಿಲ್ಲ. ರೈಲು ಡಬ್ಬಿಯ ತುಂಬ ಜನ ಇದ್ದರು. ಅರಸೀಕೆರೆ ಬರುವವರೆಗೆ ಹೆಬ್ಬೆರಳನ್ನು ಅಲ್ಲಿಂದ ತೆಗೆಯಲೂ ಇಲ್ಲ.

ಇಷ್ಟಕ್ಕೇ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಮೊನ್ನೆ ಗಿರಿಜಾ ಅಂಗಡಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಮಗು ಇಬ್ಬರೇ. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಮದ್ದು ಚುಚ್ಚುವವನು ಸರ್ಕಾರದ ಪುಸ್ತಕ ಹಿಡಿದುಕೊಂಡು ಬಂದ. ಮಗು ಕಿರುಚಿಕೊಂಡಿತು, ನಾನು ಅವನನ್ನು ಬೈದುಕೊಂಡು ಮಗುವನ್ನು ಎದೆಗೆ ಹಾಕಿಕೊಂಡು ಓಡಾಡಿಸುತ್ತಿದ್ದೆ.

"ಮಗು ಹೆಸರೇನಮ್ಮ?" ಎಂದ.

"ಪುಟ್ಟಿ," ಎಂದೆ.

"ನೀವು?"

"ಅದರಜ್ಜಿ ಕಣಪ್ಪ, ಇನ್ಯಾರು?"

ಅವನು ಎರಡನ್ನೂ ಶಾಯಿಯಲ್ಲಿ ಬರೆದುಕೊಂಡು ಹೋದ. ಅಂಗಡಿಯಿಂದ ಬಂದು ಇದನ್ನು ಕೇಳಿ ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ಊರು ಅಲೆದು ತಂದ ಹೆಸರನ್ನು ತೊಟ್ಟಿಲಿನ ದಿನ ಬಿಟ್ಟರೆ ಒಂದು ದಿನವೂ ನಾನು ಕೂಗಿರಲಿಲ್ಲ ಎನ್ನುವುದು ನನಗೇ ಆಗ ಹೊಳೆಯಿತು. ಬೆಳಗಾದರೆ ಪುಟ್ಟಿ, ಕತ್ತಲಾದರೆ ಪುಟ್ಟಿ. ಮಲ್ಲೇಶ ಬಂದ ಮೇಲೆ ಆ ಪುಸ್ತಕ ತಿದ್ದಿಸು ಎಂದೆ. ಬರೆದಾದ ಮೇಲೆ ತಿದ್ದುವುದು ಕಷ್ಟ ಅವ್ವ ಎಂದ. ಹೆಸರು ಕಳೆದವರು ಯಾರು ಎಂದು ಶಾನುಭೋಗರನ್ನೂ ಚಿಕ್ಕಪ್ಪನನ್ನೂ ಬೈದುಕೊಂಡು ಓಡಾಡಿದವಳು, ಈಗ ಒಂದು ಮೊಳೆ ಹುಡುಕಿಕೊಂಡು ಹಿತ್ತಲ ಕಟ್ಟೆಗೆ ಹೋಗಿ ಕೂತಿದ್ದೇನೆ. ಕೊಳಗ ಮಡಿಲಲ್ಲಿದೆ. ಅಜ್ಜಿಯ ಮೂರು ಚುಕ್ಕಿಯ ಪಕ್ಕದಲ್ಲಿ ನನ್ನ ಗುರುತಿಗೆ ಜಾಗ ಬೇಕಾದಷ್ಟಿದೆ. ಏನು ಕುಟ್ಟಬೇಕೆಂದು ಮಾತ್ರ ತಿಳಿಯುತ್ತಿಲ್ಲ. ಒಳಗೆ ಪುಟ್ಟಿ ಬೇರೆ ಅಳುತ್ತಿದೆ.