ಅತ್ತೆಯ ಪೂಜೆಯ ಹೂವು, ನನ್ನ ನೀಲಿ ಟೀ

ರುಚಿಯೇ ಇಲ್ಲದ ಪದಾರ್ಥವನ್ನು ನೋಡಲು ಚೆಂದ ಎಂಬ ಒಂದೇ ಕಾರಣಕ್ಕೆ ಬಾಯಿಗೆ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಕೇಕಿನ ಮೇಲಿನ ಗುಲಾಬಿಗಾಗಿ ಜಗಳವಾಡುವ ಮಕ್ಕಳನ್ನಾದರೂ ಕ್ಷಮಿಸಬಹುದು, ಐವತ್ತು ದಾಟಿದ ಹೆಂಗಸರಿಗೆ ಇದೆಲ್ಲ ಯಾಕೆ ಬೇಕು ಎಂದು ಆಫೀಸಿನ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಹಾಗೆ ಭಾಷಣ ಬಿಗಿದವಳು ಈಗ ಈ ಕಥೆ ಹೇಳಲು ಕುಳಿತಿದ್ದೇನೆ ಎಂದರೆ ಮುಂದೇನಾಯಿತೆಂದು ನೀವು ಅರ್ಧ ಊಹಿಸಿರುತ್ತೀರಿ. ಇನ್ನರ್ಧವನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ನಮ್ಮತ್ತೆ ಹೇಳುವ ಕಥೆಯಲ್ಲಿ ನನ್ನ ಮಾನ ಚೂರೂ ಉಳಿಯುವುದಿಲ್ಲ.

ರಾಜರಾಜೇಶ್ವರಿನಗರದ ಕಲ್ಯಾಣಮಂಟಪವೊಂದರಲ್ಲಿ ನಮ್ಮ ಆಫೀಸಿನವರೊಬ್ಬರ ಮಗಳ ಆರತಕ್ಷತೆ ಇತ್ತು. ಬಾಗಿಲಲ್ಲೇ ಒಂದು ಮೇಜು, ಮೇಜಿನ ಮೇಲೆ ಗಾಜಿನ ಲೋಟಗಳು, ಲೋಟಗಳಲ್ಲಿ ಕಡುನೀಲಿ ಬಣ್ಣದ ಪಾನೀಯ. ಮೇಜಿನ ಹಿಂದೆ ನಿಂತಿದ್ದ ಹುಡುಗಿ ಅದಕ್ಕೆ ನಿಂಬೆರಸ ಬಿಟ್ಟಳು ನೋಡಿ, ನೀಲಿಯೆಲ್ಲ ನಮ್ಮ ಕಣ್ಣೆದುರೇ ನೇರಳೆಯಾಗಿಬಿಟ್ಟಿತು. ನಾನು ಕುಡಿದೆ. ಬಿಸಿನೀರಿಗೆ ಸಕ್ಕರೆ, ನಿಂಬೆಹಣ್ಣು ಹಾಕಿದರೆ ಎಷ್ಟು ರುಚಿಯೋ ಅಷ್ಟೇ ರುಚಿ. ಆದರೂ ಮತ್ತೊಮ್ಮೆ ಸಾಲಿನಲ್ಲಿ ನಿಂತೆ. ಮೂರನೇ ಸಲ ಹೋದಾಗ ಆ ಹುಡುಗಿಯೇ, "ಆಂಟಿ, ಇದು ಶಂಖಪುಷ್ಪದ ಟೀ, ಮನೇಲೇ ಮಾಡ್ಕೋಬಹುದು. ಹೂವು ಬಿಸಿನೀರಿಗೆ ಹಾಕಿದ್ರೆ ಆಯ್ತು" ಎಂದಳು. ಇನ್ನು ಈ ಕಡೆ ಬರಬೇಡಿ ಎಂಬುದನ್ನು ಅದಕ್ಕಿಂತ ಮರ್ಯಾದೆಯಾಗಿ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ.

ಶಂಖಪುಷ್ಪ ಎಂದಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಬಸವೇಶ್ವರನಗರದ ನಮ್ಮ ಮನೆಯ ಕಾಂಪೌಂಡಿನ ಉದ್ದಕ್ಕೂ ಹಬ್ಬಿರುವುದು ಅದೇ ಬಳ್ಳಿ. ದಾವಣಗೆರೆಯ ತವರಿನಿಂದ ಅತ್ತೆ ಬೀಜ ತಂದು ಹಾಕಿದ್ದು. ಎಂಬತ್ತರ ಹತ್ತಿರದ ನಮ್ಮತ್ತೆಗೆ ದಿನ ಶುರುವಾಗುವುದೇ ಆ ಹೂವಿನಿಂದ. ಸ್ನಾನ ಮಾಡಿ, ಬಿದಿರಿನ ಪುಟ್ಟ ಬುಟ್ಟಿ ಹಿಡಿದು, ಮೇಲಿನ ಕುಡಿಗಳನ್ನು ಕೊಕ್ಕೆಕೋಲಿನಿಂದ ಬಗ್ಗಿಸಿ ಹೂ ಬಿಡಿಸುತ್ತಾರೆ. ಆಮೇಲೆ ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಧರಿಸಿ, ಒಂದೊಂದೇ ನೀಲಿ ಹೂವು ಏರಿಸುತ್ತಾರೆ. ಪೂಜೆಯಾದ ಹೂವನ್ನು ಕಣ್ಣಿಗೊತ್ತಿಕೊಂಡು ಬುಟ್ಟಿಗೆ ಹಾಕಿ, ಸಂಜೆ ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕುತ್ತಾರೆ. ಅದಾದ ಮೇಲೆಯೇ ಅವರ ಬಾಯಿಗೆ ನೀರು. ಇಷ್ಟು ವರ್ಷದಲ್ಲಿ ಇದು ತಪ್ಪಿದ್ದನ್ನು ನಾನು ನೋಡಿಲ್ಲ.

ಇಂಥ ಮನೆಯ ಸೊಸೆ ಅದೇ ಹೂವನ್ನು ಕಿತ್ತು ಕುದಿಯುವ ನೀರಿಗೆ ಹಾಕಬಹುದೇ ಎಂಬ ಪ್ರಶ್ನೆ ನನಗೂ ಬಂತು. ಬಂದ ಪ್ರಶ್ನೆಗೆ ಉತ್ತರವೂ ಬೇಗನೆ ಹೊಳೆಯಿತು. ನಮ್ಮ ಬೀದಿಯಲ್ಲಿ ಬೆಳಗಿನ ವಾಕಿಂಗ್‌ಗೆ ಹೊರಡುವವರು ಕಾಲಿಗೆ ಶೂ, ಕೈಗೊಂದು ಪ್ಲಾಸ್ಟಿಕ್ ಕವರ್ ಇಲ್ಲದೆ ಹೊರಡುವುದಿಲ್ಲ. ಕಂಡವರ ಕಾಂಪೌಂಡಿನಿಂದ ಹೊರಗೆ ಇಣುಕಿದ ಹೂವೆಲ್ಲ ಅವರ ದೇವರಿಗೆ. ನಮ್ಮ ಬಳ್ಳಿಯ ಬೀದಿ ಕಡೆಯ ಹೂವು ಹೇಗೂ ಅವರ ಪಾಲಾಗುತ್ತಿತ್ತು. ಅವರಿಗಿಂತ ಮೊದಲು ನಾನೇ ಕಿತ್ತರೆ ಅದು ಕಳ್ಳತನ ಹೇಗಾದೀತು, ಅದು ಆಸ್ತಿ ರಕ್ಷಣೆ. ಹೀಗೆಂದುಕೊಂಡು ಅತ್ತೆ ಸ್ನಾನಕ್ಕೆ ಹೋದ ಸಮಯ ನೋಡಿ ಒಂದು ಹಿಡಿ ಹೂವು ಕಿತ್ತು ತಂದೆ.

ಮೊದಲ ಲೋಟ ನೀಲಿಯಾದಾಗ ನನಗಾದ ಸಂತೋಷವನ್ನು ಹೇಳಿದರೆ ನೀವು ನಗುತ್ತೀರಿ. ನಮ್ಮ ಯಜಮಾನರನ್ನು ಎಬ್ಬಿಸಿ ತೋರಿಸಿದೆ. ಅವರು ಕಣ್ಣುಜ್ಜಿಕೊಂಡು ನೋಡಿ, "ಸ್ಕೂಲಲ್ಲಿ ಇಂಕ್ ಪೆನ್ ತೊಳೆದ ನೀರು ಹಿಂಗೇ ಇರ್ತಿತ್ತು ಕಣೇ" ಎಂದು ಮಗ್ಗುಲಾದರು. ನಾನು ನಿಂಬೆರಸ ಹಿಂಡಿ, ಬಣ್ಣ ಬದಲಾಗುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಮನೆಮಂದಿಯ ಗ್ರೂಪಿಗೆ ಹಾಕಿದೆ. ನಾನು ಅಷ್ಟು ಕಷ್ಟಪಟ್ಟು ಮಾಡುವ ಹೋಳಿಗೆಗೂ ಬಾರದ ಹೊಗಳಿಕೆ ಅದಕ್ಕೆ ಬಂತು. ಮಾರನೆಯ ದಿನ ಜೇನುತುಪ್ಪ ಹಾಕಿ ಮಾಡಿದೆ, ಅದರ ಮಾರನೆಯ ದಿನ ಪುದೀನ. ಒಮ್ಮೆ ಹಾಲು ಹಾಕಿ ನೋಡಿದೆ. ಅದರ ಬಣ್ಣವನ್ನು ವರ್ಣಿಸದಿರುವುದೇ ಕ್ಷೇಮ. ಹೀಗೆ ಪ್ರಯೋಗ ಬೆಳೆದಂತೆ ಬೀದಿ ಕಡೆಯ ಹೂವು ಸಾಲದಾಯಿತು. ಕೈ ತಾನಾಗಿಯೇ ಬಳ್ಳಿಯ ಒಳಬದಿಗೂ ಹೋಗತೊಡಗಿತು.

ಅತ್ತೆಗೆ ಒಂದು ಅಭ್ಯಾಸವಿದೆ. ಸಂಜೆಯ ಹೊತ್ತು ಬಳ್ಳಿಯ ಮುಂದೆ ನಿಂತು ನಾಳೆ ಅರಳುವ ಮೊಗ್ಗುಗಳನ್ನು ನೋಡಿಟ್ಟುಕೊಳ್ಳುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ನೀಲಿ ನೀರು ಸೋಸುತ್ತಿದ್ದಾಗ ಅವರು ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತರು. ನಾನು ಪಾತ್ರೆಯ ಮೇಲೆ ತಟ್ಟೆ ಮುಚ್ಚಿದೆ.

"ಮಂಗಳಾ, ನಾನು ಆಗ್ಲೇ ಹೂವು ಬಿಡಿಸೀನೇನು?" ಎಂದರು.

"ಇಲ್ವಲ್ಲ ಅತ್ತೆ, ಯಾಕೆ?"

"ನಿನ್ನೆ ಸಂಜಿ ಮೊಗ್ಗು ಬಾಳ ಇದ್ವು. ಈಗ ನೋಡಿದ್ರ ಬಳ್ಳಿ ಬರಿದಾಗೈತಿ. ಹೊರಗಿನವರು ಒಳಗಿನ ಹೂವಿಗೆ ಕೈ ಹಾಕಾಕೆ ಆಗಲ್ಲ, ಗೇಟಿಗೆ ಬೀಗ ಐತಿ. ನಾನೇ ಕಿತ್ತು ಎಲ್ಲಾರ ಇಟ್ಟು ಮರ್ತೀನೇನೋ ಅಂತ."

ಆಗಲೇ ತಟ್ಟೆ ತೆಗೆದು ತೋರಿಸಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪೂಜೆಗೂ ಮೊದಲೇ ಶಿವನ ಹೂವನ್ನು ಬೇಯಿಸಿ ಕುಡಿದೆ ಎಂದು ಆ ಮುಖ ನೋಡಿಕೊಂಡು ಹೇಳುವುದು ಹೇಗೆ? "ಬಿಸಿಲಿಗೆ ಮೊಗ್ಗು ಉದುರಿರಬೇಕು ಅತ್ತೆ" ಎಂದೆ. ಅವರು ನಂಬಿದಂತೆ ತಲೆಯಾಡಿಸಿ, ಆಮೇಲೆ ದೇವರ ಜಗಲಿ, ಮಂಚದ ಕೆಳಗೆ, ಬಚ್ಚಲಿನ ಕಿಟಕಿ ಎಂದು ಎಲ್ಲ ಕಡೆಯೂ ಹೂವು ಹುಡುಕಿದರು. ಅದನ್ನು ನೋಡಿ ನನ್ನ ಟೀಯನ್ನು ಸಿಂಕಿಗೆ ಸುರಿದುಬಿಟ್ಟೆ.

ಅವರ ಹೆದರಿಕೆಗೆ ಕಾರಣವಿತ್ತು. ಹರಿಹರದಲ್ಲಿದ್ದ ಅವರ ಅಕ್ಕ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ "ನೀವು ಯಾರ ಪೈಕಿ?" ಎಂದು ಕೇಳುತ್ತಿದ್ದರಂತೆ. ಅತ್ತೆ ಆ ವಿಷಯ ಎತ್ತುವುದೇ ಇಲ್ಲ. ಆದರೆ ಅಂದಿನಿಂದ ಅವರು ಹಾಲು ಕಾಯಿಸಿದೆನೇ, ಗ್ಯಾಸ್ ಆರಿಸಿದೆನೇ ಎಂದು ಎರಡೆರಡು ಸಲ ನೋಡತೊಡಗಿದರು. ಯಜಮಾನರು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮೆಲ್ಲಗೆ, "ಅಮ್ಮಂಗೆ ಮರೆವು ಶುರುವಾಗಿರೋ ಹಾಗಿದೆ. ಸೋಮವಾರ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದೀನಿ" ಎಂದರು. ಮರೆವಿನ ಡಾಕ್ಟರು. ಅತ್ತೆಯ ತಲೆಯನ್ನು ಯಂತ್ರದೊಳಗೆ ಇಟ್ಟು ಫೋಟೋ ತೆಗೆಯುತ್ತಾರೆ, ಕಾರಣ ನಾನು ಬಣ್ಣದ ನೀರು ಕುಡಿದದ್ದು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಹೇಳಬೇಕು ಎಂದು ಬಾಯಿ ತೆರೆದೆ, "ಇನ್ನೊಂದು ಚಪಾತಿ ಹಾಕ್ಲಾ?" ಎಂಬ ಮಾತು ಹೊರಬಂತು.

ಬಳ್ಳಿಯಿಂದ ಹೂ ಕೀಳುವುದನ್ನು ಮಾರನೆಯ ದಿನದಿಂದಲೇ ನಿಲ್ಲಿಸಿದೆ. ಆದರೆ ಇನ್ನೊಂದು ಫಜೀತಿ ಮೊದಲೇ ಮಾಡಿಟ್ಟುಕೊಂಡಿದ್ದೆ. ರಾಜಾಜಿನಗರದಲ್ಲಿರುವ ನನ್ನ ನಾದಿನಿ ಗಿರಿಜಾ ಗ್ರೂಪಿನಲ್ಲಿ ಆ ವಿಡಿಯೋ ನೋಡಿ, ತನ್ನ ಗೆಳತಿಯರನ್ನು ಕರೆದುಕೊಂಡು ಭಾನುವಾರ ಬರುತ್ತೇನೆಂದಿದ್ದಳು. ನಾನೂ ದೊಡ್ಡ ಮನುಷ್ಯಳಂತೆ, ಬನ್ನಿ ಬನ್ನಿ, ಅಂಗಡಿಯ ಒಣಹೂವಲ್ಲ, ನಮ್ಮ ಬಳ್ಳಿಯ ತಾಜಾ ಹೂವು ಎಂದು ಬರೆದಿದ್ದೆ. ಭಾನುವಾರ ಬೆಳಿಗ್ಗೆ ಅತ್ತೆಗೆ ಬುಟ್ಟಿ ತುಂಬ ಹೂವು ಸಿಕ್ಕಿತು. ಅವರು ಪೂಜೆ ಮುಗಿಸಿ ಬುಟ್ಟಿಯನ್ನು ಜಗಲಿಯ ಪಕ್ಕ ಇಟ್ಟು ತಿಂಡಿಗೆ ಹೋದಾಗ ನನಗೆ ದಾರಿ ಕಂಡಿತು. ಪೂಜೆಯಾದ ಹೂವು ಪ್ರಸಾದ. ಪ್ರಸಾದವನ್ನು ಸ್ವೀಕರಿಸಿದರೆ ತಪ್ಪೇನು? ಸೆರಗಿನಲ್ಲಿ ಕಟ್ಟಿಕೊಂಡು ಅಡುಗೆಮನೆಗೆ ಬಂದೆ. ತೊಳೆಯೋಣವೆಂದರೆ ಲಿಂಗದ ಮೇಲಿದ್ದ ಹೂ ತೊಳೆದ ನೀರನ್ನು ಸಿಂಕಿಗೆ ಬಿಡುವಂತಿಲ್ಲ. ಹೀಗೆ ಮಡಿ ವಿಚಾರ ಮಾಡಿ ತೊಳೆಯದೆಯೇ ಬಿಸಿನೀರಿಗೆ ಹಾಕಿದೆ. ಕದಿಯುವವರಿಗೆ ಇಷ್ಟು ಆಚಾರ ಇರಬಾರದು.

ಗಿರಿಜಾ ಮತ್ತವಳ ಗೆಳತಿಯರು ಬಂದು ಸೋಫಾ ತುಂಬ ಕುಳಿತರು. ಶೋಕೇಸಿನಿಂದ ಮದುವೆಯಲ್ಲಿ ಉಡುಗೊರೆಯಾಗಿ ಬಂದ ಗಾಜಿನ ಲೋಟಗಳನ್ನು ಇಳಿಸಿದ್ದೆ. ಪಾತ್ರೆಯ ಮುಚ್ಚಳ ತೆಗೆದರೆ ನೀಲಿಯ ಸುಳಿವೇ ಇಲ್ಲ. ನೀರಿನ ಟ್ಯಾಂಕಿನ ಗೋಡೆಗೆ ಹಿಡಿದ ಪಾಚಿಯ ಹಾಗೆ ಹಸಿರು. ಹೂವಿಗೆ ಅಂಟಿದ್ದ ವಿಭೂತಿ ನೀರಿನಲ್ಲಿ ಕದಡಿ ಬಣ್ಣ ಕೆಡಿಸಿತ್ತು. ನಿಂಬೆಹುಳಿಗೆ ನೇರಳೆಯಾಗುವ ನೀರು ಬೂದಿಯ ಕ್ಷಾರಕ್ಕೆ ಹಸಿರಾಗುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಆಗ ನನಗೆ ತೋಚಿದ್ದು ಒಂದೇ. "ಇವತ್ತು ಬೋರ್‌ವೆಲ್ ನೀರು, ಅದಕ್ಕೇ ಹೀಗೆ" ಎಂದು ಸುಳ್ಳು ಹೇಳಿ, ಲೋಟಗಳಿಗೆ ಸುರಿದು ನಿಂಬೆರಸ ಬಿಟ್ಟೆ.

ಹಸಿರು ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಹಸಿರು ನೀಲಿಯಾಯಿತು. ಇನ್ನಷ್ಟು ಹಿಂಡಿದೆ, ನೀಲಿ ನೇರಳೆಯಾಯಿತು. ಗಿರಿಜಾ, "ಅತ್ತಿಗೆ, ವಿಡಿಯೋದಲ್ಲಿ ಎರಡೇ ಬಣ್ಣ ಇತ್ತು, ಇದರಲ್ಲಿ ಮೂರು ಇದೆಯಲ್ಲ" ಎಂದಳು. ಗೆಳತಿಯರು ಮೊಬೈಲು ತೆಗೆದರು. ಸೋಡಾ ಹಾಕಿದೀರಾ, ಯಾವ ಪೌಡರ್, ಎಲ್ಲಿ ಸಿಗುತ್ತೆ ಎಂದು ಪ್ರಶ್ನೆಗಳ ಮಳೆ. ನಾನು ಗುಟ್ಟು ಬಲ್ಲವಳಂತೆ ನಗುತ್ತ ಬದುಕಿದೆಯಾ ಬಡಜೀವವೇ ಎಂದುಕೊಳ್ಳುವಷ್ಟರಲ್ಲಿ ಗಿರಿಜಾ ಒಂದು ಲೋಟವನ್ನು ಒಯ್ದು ತಾಯಿಯ ಕೈಗೆ ಕೊಟ್ಟಳು. ಅತ್ತೆ ಒಂದು ಗುಟುಕು ಕುಡಿದರು. ಎರಡನೇ ಗುಟುಕನ್ನು ಬಾಯಲ್ಲಿ ಹಾಗೇ ಇಟ್ಟುಕೊಂಡರು. ಆಮೇಲೆ ನನ್ನನ್ನು ನೋಡಿ ಲೋಟ ಹಿಡಿದುಕೊಂಡು ಎದ್ದು ಅಡುಗೆಮನೆಗೆ ನಡೆದರು. ನಾನೂ ಹಿಂದೆ ಹೋದೆ.

"ಇದ್ರಾಗ ನನ್ನ ಈಬತ್ತಿ ಐತಿ" ಎಂದರು. ಹೊಟ್ಟೆನೋವೆಂದಾಗಲೆಲ್ಲ ಚಿಟಿಕೆ ವಿಭೂತಿ ನಾಲಿಗೆಗೆ ಹಾಕಿಸಿಕೊಂಡು ಬೆಳೆದವರು, ಅದರ ರುಚಿ ಅವರಿಗೆ ತಪ್ಪುತ್ತದೆಯೇ?

"ಹೌದು ಅತ್ತೆ."

"ಪೂಜಿ ಆದ ಹೂವು."

"ಹೌದು ಅತ್ತೆ."

"ಮತ್ತೆ ಇಷ್ಟು ದಿನ ಮಾಡಿದ್ದು ಯಾವ ಹೂವು?"

ನಾನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಬೀದಿ ಕಡೆಯದು, ಒಳಬದಿಯದು, ಮುಚ್ಚಿದ ತಟ್ಟೆ, ಬಿಸಿಲಿಗೆ ಉದುರಿದ ಮೊಗ್ಗಿನ ಸುಳ್ಳು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಬೈಗುಳಕ್ಕೆ ಕಾದೆ. ಅತ್ತೆ ಸ್ಟೂಲಿನ ಮೇಲೆ ಕುಳಿತು ಎದೆಯ ಮೇಲಿನ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹಂಗಾರೆ ನಂಗೆ ಮರವು ಬಂದಿಲ್ಲ" ಎಂದರು.

"ಇಲ್ಲ ಅತ್ತೆ, ನಿಮಗೇನೂ ಆಗಿಲ್ಲ."

"ದಿನಾ ಬೆಳಿಗ್ಗೆ ಎದ್ದ ಕೂಡ್ಲೆ ನಿಮ್ಮೆಲ್ಲಾರ ಹೆಸರು ಒಂದ್ಸಲ ಹೇಳ್ಕಂತಿದ್ದೆ ಕಣವ್ವ. ನಿನ್ನ ಹೆಸರು, ಮಕ್ಕಳ ಹೆಸರು, ಎಲ್ಲಾ. ಅಕ್ಕನಂಗೆ ನಾನೂ ಒಂದಿನ ನಿಮ್ಮನ್ನ ಯಾರು ಅಂತ ಕೇಳಿಬಿಟ್ರೆ ಅಂತ."

ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ಮಾತ್ರ ನಗುತ್ತಿದ್ದರು. ಅಷ್ಟು ಹಗುರಾಗಿ ಅವರು ನಕ್ಕದ್ದನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು. ಸೆರಗಿನಿಂದ ನನ್ನ ಮುಖ ಒರೆಸಿ, "ಇನ್ಮ್ಯಾಲೆ ಪೂಜಿ ಆದ್ಮ್ಯಾಲೆ ತಗ, ಮೊದ್ಲು ಮುಟ್ಟಬ್ಯಾಡ. ಈಬತ್ತಿ ನೀರು ಕುಡಿದ್ರೆ ಒಳ್ಳೇದೇ" ಎಂದು ಉಳಿದ ಲೋಟವನ್ನೂ ಖಾಲಿ ಮಾಡಿದರು.

ಡಾಕ್ಟರ ಅಪಾಯಿಂಟ್‌ಮೆಂಟು ರದ್ದಾಯಿತು. ಅತ್ತೆ ಮೊದಲಿನಂತಾದರು. ತಮ್ಮ ತಲೆ ನೆಟ್ಟಗಿದೆ ಎಂಬ ಸಂತೋಷವನ್ನು ಅವರು ಒಬ್ಬರೇ ಇಟ್ಟುಕೊಳ್ಳಲಿಲ್ಲ. ದಾವಣಗೆರೆಗೆ ಫೋನು, ಹರಿಹರಕ್ಕೆ ಫೋನು, ಎದುರು ಮನೆಗೆ ಖುದ್ದು ಭೇಟಿ. "ನನ್ನ ತಲಿ ಚಲೋ ಐತಿ. ನಮ್ಮ ಸೊಸಿ ಹೂವು ಕದೀತಿದ್ಳು, ಅಷ್ಟೆ" ಎಂಬುದು ಅವರ ಆರೋಗ್ಯದ ವರದಿ. ಅದರಲ್ಲಿ ಎರಡನೇ ವಾಕ್ಯವಿಲ್ಲದೆ ಮೊದಲನೆಯದಕ್ಕೆ ಪುರಾವೆಯಿಲ್ಲವಾದ್ದರಿಂದ ನಾನೂ ತಕರಾರು ಮಾಡಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕವರು ನಗುತ್ತ, "ನೀವೇ ಅಲ್ವಾ ಹೂವಿನ ಸೊಸೆ" ಎಂದರೆ ನಾನೇ ಎಂದು ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಅತ್ತೆಯ ಕನ್ನಡಕ ಕಾಣಲಿಲ್ಲ. ಮನೆಯೆಲ್ಲ ಹುಡುಕಿದರು. ಕೊನೆಗೆ ನನ್ನ ಮುಂದೆ ಬಂದು ನಿಂತು, ಹಿಂದಿನಂತೆ ಮುಖ ಚಿಕ್ಕದು ಮಾಡಿಕೊಂಡು, "ಮಂಗಳಾ, ನೀನೇನಾರ ತಗಂಡಿಯೇನು?" ಎಂದರು. ಕನ್ನಡಕ ಕಾಂಪೌಂಡಿನ ಗೋಡೆಯ ಮೇಲಿದ್ದುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ಆಗಷ್ಟೇ ನೋಡಿದ್ದೆ. ಅಲ್ಲಿ ಇಟ್ಟವಳು ನಾನಲ್ಲ. "ಹೌದು ಅತ್ತೆ, ಒರೆಸೋಣ ಅಂತ ನಾನೇ ತಗೊಂಡಿದ್ದೆ" ಎಂದು ಓಡಿಹೋಗಿ ತಂದುಕೊಟ್ಟೆ. ಅವರ ಮುಖ ಅರಳಿತು. ಸಂಜೆ ಫೋನಿನಲ್ಲಿ ಗಿರಿಜಾಳಿಗೆ ಅವರು ಹೇಳುತ್ತಿದ್ದುದು ನನಗೆ ಚೆನ್ನಾಗಿ ಕೇಳಿಸಿತು. "ಹೂವಿನ ಮ್ಯಾಲೆ ಈಗ ಕನ್ನಡಕಕ್ಕೂ ಕೈ ಹಾಕ್ಯಾಳ ನೋಡು ನಮ್ಮ ಸೊಸಿ."