ಬಸ್ಸಿನ ಹಿಂದೊಂದು ಟರ್ಬೊ ಕಾರು

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ರೋಣದ ಜನ ಹೇಳುತ್ತಾರೆ, ನಾನು ಸುಮ್ಮನೆ ತಲೆಯಾಡಿಸುತ್ತೇನೆ, ಅಷ್ಟೇ! ಹೆಂಡತಿಯನ್ನು ಬಸ್ಸಿಗೆ ಹತ್ತಿಸಿ, ಆ ಬಸ್ಸಿನ ಹಿಂದೆಯೇ ಖಾಲಿ ಕಾರು ಓಡಿಸಿಕೊಂಡು ಹೆಂಡತಿಯ ತವರಿಗೆ ಹೋಗುವ ಗಂಡನನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ? ನಮ್ಮ ಮನೆತನದಲ್ಲಿ ಒಬ್ಬರಿದ್ದಾರೆ. ವರ್ಷಗಟ್ಟಲೆ ಹಾಗೆಯೇ ಹೋಗಿ ಬಂದಿದ್ದಾರೆ. ಬಸ್ಸು ನಿಂತಲ್ಲೆಲ್ಲ ಕಾರೂ ನಿಲ್ಲಬೇಕು. ಕಂಡಕ್ಟರು ಒಮ್ಮೆ ಇಳಿದು ಬಂದು, "ಸಾವ್ಕಾರ್ರ, ನಿಮಗೂ ಒಂದ ಟಿಕೆಟ್ ಹರೀಲೇನ್ರಿ?" ಎಂದು ಕೇಳಿದ್ದನಂತೆ.

ಇದಕ್ಕೆಲ್ಲ ಮೂಲ ಒಂದು ಗುಡ್ಡದ ಏರು. ಅತ್ತೆಯ ತವರು ಗಜೇಂದ್ರಗಡ ದಾಟಿ ಗುಡ್ಡ ಹತ್ತಿದರೆ ಸಿಗುವ ಹಳ್ಳಿ. ಮಾವ ರೋಣದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿಯ ದುಡಿಮೆಯಲ್ಲಿ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡು, ಅದಕ್ಕೆ ಹೂವಿನ ಹಾರ ಹಾಕಿ, ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅತ್ತೆಯ ಬಸುರಿ ತಂಗಿಯ ಕುಬಸದ ಕಾರ್ಯಕ್ಕೆ ಹೊರಟರು. ಹಿಂದಿನ ಸೀಟಿನ ತುಂಬ ಉಂಡಿ, ಕರಚಿಕಾಯಿ ಡಬ್ಬಿಗಳು. ಗುಡ್ಡದ ನಡುವಿನ ತಿರುವಿನಲ್ಲಿ ಕಾರು ಉಸ್ಸೆಂದು ನಿಂತಿತು. ಮಾವ ಎಷ್ಟು ತಿಣುಕಿದರೂ ಅದು ಮುಂದಕ್ಕೆ ಹೋಗುವ ಬದಲು ಹಿಂದಕ್ಕೇ ಜಾರತೊಡಗಿತು. ಆಗ ಮಾವನ ಬಾಯಿಂದ ಆ ಮಾತು ಬಂತು. "ನೀ ಒಂದೀಟ ಇಳಿ. ಏರ್ತೈತಿ."

ಅತ್ತೆ ಇಳಿದರು. ಕಾರು ಏರಿತು. ಏರದೇ ಇದ್ದಿದ್ದರೆ ಮನೆ ಉಳಿಯುತ್ತಿತ್ತು, ಆದರೆ ಏರಿಬಿಟ್ಟಿತು! ಅದೂ ಸರಾಗವಾಗಿ! ಸರಿಯಾಗಿ ಅದೇ ಹೊತ್ತಿಗೆ ಅತ್ತೆಯ ತವರಿನ ಬಸ್ಸು ಬರಬೇಕೇ? ಕಿಟಕಿಗೊಂದು ತಲೆ ಹೊರಬಂತು. ಮುಂದೆ ಖಾಲಿ ಕಾರು ಹೋಗುತ್ತಿದೆ, ಹಿಂದೆ ಅತ್ತೆ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಬಿಸಿಲಲ್ಲಿ ಗುಡ್ಡ ಹತ್ತುತ್ತಿದ್ದಾರೆ. ಆ ದಿನ ಬಸುರಿಯನ್ನು ಯಾರೂ ನೋಡಲಿಲ್ಲ. ಆರತಿ ತಟ್ಟೆ ಹಿಡಿದವರೂ ಅತ್ತೆಯನ್ನೇ ನೋಡಿ, "ಅಕ್ಕಾ, ನೀ ಇಳದ ಮ್ಯಾಲೆ ಗಾಡಿ ಏರಿತಂತ?" ಎಂದು ಕೇಳಿ ಬಾಯಿಗೆ ಸೆರಗು ಹಿಡಿದುಕೊಂಡರು. ಊಟಕ್ಕೆ ಕುಳಿತಾಗ ಅತ್ತೆಗೆ ಎರಡನೆಯ ಹೋಳಿಗೆ ಬಡಿಸಲು ಬಂದವಳು ಒಂದು ಕ್ಷಣ ತಡೆದಳಂತೆ. ಅತ್ತೆ ಎಲ್ಲವನ್ನೂ ಮರೆತರೂ ಅದನ್ನು ಮರೆಯುವವರಲ್ಲ.

ಊರಿಗೆ ಹೊರಡುವಾಗ ಅತ್ತೆ ಬಸ್ ಸ್ಟ್ಯಾಂಡಿನ ಕಡೆ ನಡೆದರು. "ನನ್ನ ಕುಂದರಿಸಿಕೊಂಡು ಈ ಗಾಡಿ ಆ ಏರು ಏರೂ ತನಕ ನಾ ಬಸ್ಸಿಗೆ ಬರಾಕಿ" ಎಂದು ಎಲ್ಲರೆದುರು ಹೇಳಿಬಿಟ್ಟರು. ಹೇಳಿದಂತೆಯೇ ನಡೆದರು. ಬಸ್ಸಿನಲ್ಲೂ ಅವರದು ಕೊನೆಯ ಸೀಟು. ನಮ್ಮ ಕಡೆಯ ರಸ್ತೆಯಲ್ಲಿ ಬಸ್ಸಿನ ಕೊನೆಯ ಸೀಟೆಂದರೆ ಏನೆಂದು ಕುಳಿತವರಿಗೇ ಗೊತ್ತು. ಅತ್ತೆಗೆ ಸೊಂಟ ನೋವು ಬೇರೆ. ಮುಂದೆ ಸೀಟು ಖಾಲಿ ಇದ್ದರೂ ಹಿಂದೆಯೇ ಹೋಗಿ ಕುಳಿತುಕೊಳ್ಳುತ್ತಿದ್ದರು. ಯಾಕೆ ಅತ್ತೆ ಎಂದರೆ, "ಅಲ್ಲೆ ಗಾಳಿ ಚಲೋ ಬರ್ತೈತೊ ತಮ್ಮಾ" ಎನ್ನುತ್ತಿದ್ದರು.

ಬೇರೆ ಕಾರು ಕೊಂಡರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು, ಹೇಳಿಯೂ ಹೇಳಿದೆ.

"ಬ್ಯಾರೆ ಗಾಡಿ ಏರಿದ್ರ ಏನ ಬಂತೋ?" ಎಂದರು ಮಾವ. "ಇಳಿ ಅಂದದ್ದು ಈ ಗಾಡಿ. ಇದ ಏರಬೇಕು."

ಇಳಿ ಎಂದದ್ದು ಗಾಡಿಯಲ್ಲ ಎಂದು ನೆನಪಿಸುವ ಧೈರ್ಯ ನನಗಾಗಲಿಲ್ಲ.

ಹೀಗಿರುವಾಗ ಗಿರಣಿಯಲ್ಲಿ ಹಿಟ್ಟು ಬೀಳುವ ತನಕ ಮೊಬೈಲ್ ನೋಡುತ್ತಾ ಕುಳಿತಿದ್ದ ಮಾವನಿಗೆ ಟರ್ಬೊ ಸಿಕ್ಕಿತು. ಮೈಮೇಲೆಲ್ಲ ಹಿಟ್ಟು ಮೆತ್ತಿಕೊಂಡೇ ನಮ್ಮ ಮನೆಗೆ ಓಡಿ ಬಂದರು.

"ಗಜೇಂದ್ರಗಡ ಗುಡ್ಡದ ಮ್ಯಾಲೆ ಕರೆಂಟ್ ಮಾಡೂ ಫ್ಯಾನ್ ತಿರಗತಾವಲ್ಲ, ಅಂಥಾದ್ದರ ಮರೀ ಅಂತ ತಿಳಿ. ಇಂಜಿನ್ ಬಿಡೂ ಹೊಗಿ ಅದನ್ನ ತಿರಗಸ್ತೈತಿ. ಅದು ತಿರಗಿ ಇಂಜಿನ್‌ಗೆ ಗಾಳಿ ತುರಕ್ತೈತಿ. ಗಾಳಿ ಹೆಚ್ಚಾದಂಗ ಪೆಟ್ರೋಲೂ ಹೆಚ್ಚು ಕುಡೀತೈತಿ. ಕುಡದಷ್ಟ ಜೋರು!"

"ಕುಡದಷ್ಟ ಜೋರ ಆಗಾವ್ರು ನಮ್ಮ ಓಣ್ಯಾಗೂ ಭಾಳ ಮಂದಿ ಅದಾರ್ರಿ ಮಾವಾ. ಆದ್ರ ಮನಿ ಮುಟ್ಟೂದಿಲ್ಲ."

ನಾನು ತಮಾಷೆಗೆ ಹೇಳಿದೆ. ಮಾವ ಗಂಭೀರರಾದರು. "ಅದ ನೋಡು ಮುಖ್ಯ. ಜೋರು ಯಾರಿಗೆ ಬೇಕಾಗೈತಿ? ಮನಿ ಮುಟ್ಟಬೇಕು."

ಅಂದಿನಿಂದ ಯೋಜನೆ ಶುರುವಾಯಿತು. ಯೋಜನೆ ಎಂದರೆ ಕಾಗದ ಗೀಗದ ಏನಿಲ್ಲ, ಸೀಮೆಸುಣ್ಣ ಹಿಡಿದು ಮನೆಯ ಅಂಗಳದಲ್ಲೇ ಬರೆಯುವುದು. ಇಲ್ಲಿ ಇಂಜಿನ್, ಇಲ್ಲಿ ಟರ್ಬೊ, ಇಲ್ಲಿ ಎಣ್ಣೆ ಹೋಗುವ ಪೈಪು, ಇಲ್ಲಿ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್. ಸಂಜೆ ಮಾವ ಬರೆದದ್ದರ ಮೇಲೆ ಮುಂಜಾನೆ ಅತ್ತೆ ನೀರು ಚಿಮುಕಿಸಿ ಗುಡಿಸಿ ರಂಗೋಲಿ ಹಾಕುತ್ತಿದ್ದರು. ಸಂಜೆ ಮತ್ತೆ ಮೊದಲಿಂದ! ಹಬ್ಬದ ದಿನ ಮಾತ್ರ ಇಬ್ಬರೂ ರಾಜಿಯಾಗುತ್ತಿದ್ದರು. ಒಂದು ದೀಪಾವಳಿಗೆ ನಾನೇ ನೋಡಿದ್ದೇನೆ, ಅತ್ತೆ ಇಂಟರ್‌ಕೂಲರಿನ ಸುತ್ತ ಬಳ್ಳಿ ಬಿಡಿಸಿ, ನಾಲ್ಕು ಮೂಲೆಗೂ ಹೂವಿಟ್ಟಿದ್ದರು.

ಭಾನುವಾರವಾದರೆ ನರಗುಂದಕ್ಕೆ ಪಯಣ. ಅಲ್ಲಿ ಕಾರು ರಿಪೇರಿಯ ಒಬ್ಬ ಮಿಸ್ತ್ರಿ ಇದ್ದಾನೆ, ಮಾವನ ಬಾಲ್ಯದ ಗೆಳೆಯ. ಬಿರಿಯಾನಿ ತಿನ್ನುವ ಹೊತ್ತಿಗೇ ಮಾವ ಹೋಗಿ ಒಂದು ಸಂಶಯ ಕೇಳುವುದು, ಅವನು ಬೈಯುವುದು, ಮಾವ ಸಂತೋಷದಿಂದ ವಾಪಸಾಗುವುದು. ಇಂಜಿನ್ನಿನೊಳಗೆ ಗಾಳಿಯನ್ನು ಎಷ್ಟು ಒತ್ತಡದಲ್ಲಿ ತುಂಬಬೇಕೆನ್ನುವುದಕ್ಕೆ ಬೂಸ್ಟ್ ಎನ್ನುತ್ತಾರೆ. ಅದರ ಮೇಲೆಯೇ ದೊಡ್ಡ ಜಗಳ.

"ಭಾಳ ಸಣ್ಣದ ಇಡು" ಎಂದರು ಮಾವ.

"ಇದಕ್ಕಿಂತ ಸಣ್ಣದಿಡಬೇಕಾದ್ರ ಟರ್ಬೊ ಯಾಕಲೇ? ಒಂದ ಬೀಸಣಿಕಿ ಕೊಡ್ತೀನಿ, ಬಾನೆಟ್ ಮುಂದ ಹಿಡಕೊಂಡ ಕುಂದ್ರು!" ಎಂದು ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ಎಸೆದ.

ಆದರೆ ಮಾವ ಜಗ್ಗಲಿಲ್ಲ. ಮೊದಲು ಬ್ರೇಕು, ಆಮೇಲೆ ಕ್ಲಚ್ಚು, ಆಮೇಲೆ ದೊಡ್ಡ ರೇಡಿಯೇಟರು, ಆಮೇಲೆ ಗಟ್ಟಿ ಪಿಸ್ಟನ್ನು, ಎಲ್ಲಕ್ಕಿಂತ ಕೊನೆಗೆ ಟರ್ಬೊ. ಹೀಗಾಗಿ ಮೊದಲ ವರ್ಷವಿಡೀ ಬರೀ ಬ್ರೇಕಿನ ಕೆಲಸವಾಯಿತು. "ಮೊದಲ ನಿಲ್ಲೂದು ಪಕ್ಕಾ ಆಗ್ಬೇಕು" ಎಂದು ಮಾವ ಊಟಕ್ಕೆ ಕುಳಿತಾಗ ಹೇಳಿದರು. ಅತ್ತೆ ರೊಟ್ಟಿ ಬಡಿಯುತ್ತಲೇ, "ಆ ಗಾಡಿಗೆ ನಿಲ್ಲೂದು ಯಾರೂ ಕಲಸಬೇಕಾಗಿಲ್ಲ" ಎಂದರು.

ಟರ್ಬೊ ಕೂರಿಸಿದ ಮೇಲಂತೂ ಮಾವನ ನಡಾವಳಿಯೇ ಬದಲಾಯಿತು. ಟರ್ಬೊ ಕೆಂಪಗೆ ಕಾದಿರುವಾಗ ಇಂಜಿನ್ ತಟ್ಟನೆ ಬಂದ್ ಮಾಡಿದರೆ ಒಳಗಿನ ಎಣ್ಣೆ ಸುಟ್ಟು ಕರಕಲಾಗುತ್ತದಂತೆ. ಸರಿ, ಎಲ್ಲಿಗೆ ಹೋದರೂ ಇಂಜಿನ್ ಚಾಲೂ ಇಟ್ಟುಕೊಂಡು ಕಾರಿನಲ್ಲೇ ಕೈಕಟ್ಟಿ ಕುಳಿತುಬಿಡುವರು. ಬೀಗರು ಬಾಗಿಲಲ್ಲಿ ಕಾಲಿಗೆ ನೀರು ಹಿಡಿದು ನಿಂತಿದ್ದರೂ ಅಷ್ಟೇ! ಚಾಲೂ ಮಾಡಿದ ಕೂಡಲೇ ಹೊರಡುವಂತೆಯೂ ಇಲ್ಲ, ಮೊದಲು ಎಣ್ಣೆ ಟರ್ಬೊ ತನಕ ಏರಬೇಕಂತೆ. ಕೊನೆಗೆ ಇದು ಕಾರಿನಿಂದ ಮೈಗೂ ಹತ್ತಿತು. ಮುಂಜಾನೆ ಎಚ್ಚರವಾದ ಮೇಲೂ ಮಾವ ಹಾಸಿಗೆಯ ಮೇಲೆ ಸುಮ್ಮನೆ ಕುಳಿತಿರುತ್ತಾರೆ. ಯಾಕೆಂದು ಕೇಳಿದರೆ, "ಎಣ್ಣಿ ಮ್ಯಾಲಿನ ತನಕ ಏರ್ಲಿ ತಡಿ" ಎನ್ನುತ್ತಾರೆ.

ಕಾರು ಸಿದ್ಧವಾಯಿತು. ಮಾವ ಮಾತ್ರ ಅತ್ತೆಯನ್ನು ಕರೆಯಲೇ ಇಲ್ಲ. ಬಾ ಎನ್ನುವ ಮೊದಲು ಪರೀಕ್ಷೆಯಾಗಬೇಕಲ್ಲ! ಅತ್ತೆಯ ತೂಕದಷ್ಟು ಭಾರ ಮುಂದಿನ ಸೀಟಿನಲ್ಲಿರಬೇಕು. ಗಿರಣಿಯ ತಕ್ಕಡಿಯ ಮೇಲೆ ಒಂದು ಸಲ ನಿಲ್ಲು ಎಂದು ಅತ್ತೆಯನ್ನು ಕೇಳುವ ಧೈರ್ಯ ಯಾವ ಗಂಡಿಗಿದೆ? ಮಾವ ಅಂದಾಜಿನ ಮೇಲೆ ಒಂದು ಚೀಲ ಜೋಳ ತುಂಬಿದರು. ಚೀಲದ ಹೊಟ್ಟು, ಧೂಳು ಸೀಟಿಗೆ ಹತ್ತಬಾರದೆಂದು ಅತ್ತೆಯ ಹಳೆಯ ಇಳಕಲ್ ಸೀರೆ ಸುತ್ತಿದರು. ಚೀಲದ ಬಾಯಿ ಕಟ್ಟಿದ್ದ ಗಂಟಿನ ಮೇಲೆ ಸೆರಗು ಬಂತು. ಬೆಲ್ಟನ್ನೂ ಹಾಕಿದರು. ಹಾಗೆ ಗುಡ್ಡ ಏರಿದರು, ಇಳಿದರು, ಮತ್ತೆ ಏರಿದರು.

ಇಟಗಿಯ ಭೀಮಾಂಬಿಕೆಗೆ ಹರಕೆ ಮುಟ್ಟಿಸಿ, ಗಜೇಂದ್ರಗಡ ಗುಡ್ಡದ ಬುಡದಲ್ಲಿರುವ ಮಗಳ ಮನೆಗೂ ಹೋಗಿ ಬಂದ ಪಕ್ಕದ ಮನೆಯ ಅಜ್ಜಿ ಪ್ರಸಾದ ಕೊಡಲು ಬಂದವಳೇ ಅತ್ತೆಯ ಮೇಲೆ ಹರಿಹಾಯ್ದಳು.

"ಏನವಾ, ಟರ್ಬೊ ಗಾಡಿ ಬಂತಂತ ಇಷ್ಟ ಸೊಕ್ಕೇನ? ನಿನ್ನಿ ಗುಡ್ಡದಾಗ ಅಷ್ಟ ಕೂಗಿದೆ, ಒಂದ ಸಲ ತಿರಗಿ ನೋಡ್ಲಿಲ್ಲಲ್ಲ!"

"ನಾ ನಿನ್ನಿ ದಿನಾ ಪೂರಾ ಮನ್ಯಾಗ ಶೇಂಗಾ ಸುಲಕೋತ ಕುಂತಿದ್ದೆ, ಯಮ್ಮಾ."

"ಮತ್ತ ನಿನ್ನ ಗಂಡನ ಬಾಜೂಕ ಕುಂತಾಕಿ ಯಾರ? ಸೀರಿ ನಿಂದ ಇತ್ತು. ತಲಿಮ್ಯಾಲೆ ಸೆರಗ ಹೊತ್ಕೊಂಡ ಕುಂತಿದ್ಲು."

ಅತ್ತೆ ಶೇಂಗಾದ ಮೊರ ಕೆಳಗಿಟ್ಟರು. ನಾನು ಅಲ್ಲೇ ಇದ್ದೆ. ಅತ್ತೆ ಸೀದಾ ಹೋಗಿ ಕಾರಿನ ಬಾಗಿಲು ತೆಗೆದರು. ಸವತಿ ಬೆಲ್ಟು ಹಾಕಿಕೊಂಡು ಗಂಭೀರವಾಗಿ ಕುಳಿತಿದ್ದಳು. ಅತ್ತೆ ಸೆರಗು ಸರಿಸಿದರು. ಚೀಲ ನೋಡಿದರು. ಅದನ್ನು ಎತ್ತಲು ಹೋದರು, ಅದು ಅಲುಗಲಿಲ್ಲ.

"ನಾ ಇಷ್ಟ ಭಾರ ಅದೀನೇನ್ರಿ?"

"ಇಲ್ಲಿಲ್ಲ," ಎಂದರು ಹಿಂದೆಯೇ ಓಡಿ ಬಂದ ಮಾವ ಗಾಬರಿಯಿಂದ, "ನಿನಗಿಂತ ಹೆಚ್ಚಿಗೀನ ಹಾಕೀನಿ. ಭರೋಸಾ ಇರ್ಲಿ ಅಂತ."

"ಹೆಚ್ಚಿಗಿ ಎಷ್ಟು?"

ಮಾವ ಚೀಲದ ಬೆಲ್ಟು ಬಿಚ್ಚತೊಡಗಿದರು. ಆ ಜೋಳ ಅವರದೇ ಗಿರಣಿಯಲ್ಲಿ ಹಿಟ್ಟಾಯಿತು. ಮುಂದೆ ಎಷ್ಟೋ ದಿನ ಅತ್ತೆ ತಟ್ಟೆಗೆ ರೊಟ್ಟಿ ಹಾಕುವಾಗಲೆಲ್ಲ, "ತಿನ್ರಿ, ನನ್ನ ಭಾರ ಕಡಿಮಿ ಆಗ್ಲಿ" ಎನ್ನುತ್ತಿದ್ದರು.

"ಚೀಲಾ ಅಷ್ಟ ಸಲ ಏರೇತಲ್ರಿ ಮಾವಾ, ಈಗರ ಅತ್ತೀನ ಕರೀರಿ" ಎಂದೆ ನಾನು ಒಂದು ದಿನ. ಮಾವ ಗಿರಣಿಯ ತಿರುಗುವ ಪಟ್ಟಾ ನೋಡುತ್ತಾ ನಿಂತರು. "ಚೀಲಕ್ಕ ಇಳಿ ಅಂದ್ರ ಅದೇನ ಅಳ್ತೈತೇನೋ? ಆಕಿಗೆ ಇನ್ನೊಮ್ಮೆ ಇಳಿ ಅನ್ನೂ ಹಂಗ ಆದ್ರ ನಾ ತಡಕೊಳ್ಳೂದಿಲ್ಲ" ಎಂದರು. ಅಷ್ಟು ವರ್ಷ ಅವರನ್ನು ನೋಡಿ ನಕ್ಕಿದ್ದ ನನಗೆ ಆ ದಿನ ನಗು ಬರಲಿಲ್ಲ.

ಕೊನೆಗೆ ಅತ್ತೆಯೇ ದಾರಿ ತೋರಿಸಿದರು. ಎಲ್ಲರಿಗಿಂತ ಕಿರಿಯ ತಂಗಿಯ ಕುಬಸ ಬಂದಿತ್ತು. ಮಾವ ಎಂದಿನಂತೆ ಅವರನ್ನು ಬಸ್ಸಿಗೆ ಬಿಡಲು ಹೊರಟರೆ, ಅತ್ತೆ ಕಾರಿನ ಮುಂದಿನ ಬಾಗಿಲು ತೆಗೆದು ಕುಳಿತುಬಿಟ್ಟರು. "ನನ್ನ ಸೀರಿ ಉಟ್ಟ ಚೀಲಾ ಏರೇತಿ. ನಾ ಏನ ಪಾಪಾ ಮಾಡೀನಿ? ನಡೀರಿ." ಡಬ್ಬಿಗಳ ನಡುವೆ ನಾನೂ ಸೇರಿಕೊಂಡೆ. ಮಾವ ರೂಢಿಯಂತೆ ಬಸ್ಸು ಹೊರಡುವ ತನಕ ಕಾಯ್ದು ಅದರ ಹಿಂದೆಯೇ ಹೊರಟರು. ಟರ್ಬೊ ಇದೆ, ದಾಟಿ ಹೋಗಬಹುದಿತ್ತು. ಅವರಿಗೆ ಅದು ಹೊಳೆಯಲೇ ಇಲ್ಲ!

ಗಜೇಂದ್ರಗಡ ದಾಟಿತು. ಏರು ಶುರುವಾಯಿತು. ಸರಿಯಾಗಿ ಅದೇ ತಿರುವಿನಲ್ಲಿ ಮುಂದಿನ ಬಸ್ಸು ಗೇರು ಬದಲಿಸಲು ತಡವರಿಸಿ ನಿಂತುಬಿಟ್ಟಿತು. ಮಾವ ಬ್ರೇಕು ಒತ್ತಿದರು. ಕಾರು ಹಳೆಯ ಜಾಗದಲ್ಲೇ ನಿಂತಿತು. ಅತ್ತೆಯ ಕೈ ತಾನಾಗಿಯೇ ಬಾಗಿಲ ಹಿಡಿಗೆ ಹೋದದ್ದನ್ನು ನಾನು ನೋಡಿದೆ.

"ಇಳೀಲೇನ್ರಿ?" ಎಂದರು ಅತ್ತೆ. ಅದರಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ. ಕುಂದ್ರು."

ಬಸ್ಸು ಹೊಗೆ ಬಿಟ್ಟು ಮುಂದೆ ಸಾಗಿತು. ಮಾವ ಕ್ಲಚ್ಚು ಬಿಟ್ಟರು. ಬಾನೆಟ್ಟಿನೊಳಗೆ ಸಣ್ಣದೊಂದು ಸಿಳ್ಳೆ ಎದ್ದಿತು, ಕಾರು ಒಂದು ಗೇಣೂ ಹಿಂದಕ್ಕೆ ಜಾರದೆ ನಮ್ಮ ಮೂವರನ್ನೂ, ಡಬ್ಬಿಗಳನ್ನೂ ಹೊತ್ತು ಏರಿತು. ನಾನು ಚಪ್ಪಾಳೆ ತಟ್ಟಬೇಕೆಂದುಕೊಂಡೆ. ಮಾವನ ಮುಖ ಕನ್ನಡಿಯಲ್ಲಿ ಕಂಡು ಸುಮ್ಮನಾದೆ.

"ಅವತ್ತ ಇಳಿ ಅಂದದ್ದು ಗಾಡಿ ಅಲ್ಲ," ಎಂದರು ಮಾವ, ರಸ್ತೆಯನ್ನೇ ನೋಡುತ್ತಾ. "ನಾನ ಅಂದಿದ್ದೆ."

"ಗೊತ್ತೈತಿ ಬಿಡ್ರಿ."

ಅತ್ತೆ ಮುಂದಿನ ಬಸ್ಸಿನ ಹಿಂಬದಿಯ ಗಾಜಿನ ಕಡೆ ಬೆರಳು ಮಾಡಿದರು. "ನನ್ನ ಸೀಟು ಖಾಲಿ ಐತಿ ನೋಡ್ರಿ ಇವತ್ತು."

"ಅಲ್ಲೆ ಗಾಳಿ ಚಲೋ ಬರ್ತಿತ್ತಲ್ಲ ನಿನಗ" ಎಂದು ಮಾವ ನಗಲು ನೋಡಿದರು.

"ಯಾವ ಗಾಳಿ? ಆ ಕಿಡಕಿ ತೆಗಿಯಾಕ ಬರ್ತಿರ್ಲಿಲ್ಲ. ಹಿಂದಿನ ಗಾಜಿನ್ಯಾಗ ನಿಮ್ಮ ಗಾಡಿ ಕಾಣ್ತಿತ್ತು. ಎಲ್ಲೆರ ಕೆಟ್ಟ ನಿಂತ್ರ ನಿಮ್ಮನ್ನ ಒಬ್ಬರನ್ನ ಬಿಟ್ಟ ಹೆಂಗ ಹೋಗ್ಲಿ? ಬಸ್ ನಿಲ್ಸಿ ಇಳೀಬೇಕಲ್ಲ. ಊರ ಬರೂತನಾ ಹಿಂದ ತಿರಗಿ ನೋಡ್ಕೋತ ಕುಂದರ್ತಿದ್ದೆ."

ಕಾರು ಬಸ್ಸಿನ ಹಿಂದೆ ಹಿಂದೆಯೇ ಹೋಗುತ್ತಿತ್ತು.

"ಇನ್ನೂ ಯಾಕ ಅದರ ಬೆನ್ನ ಹತ್ತೀರಿ?" ಎಂದರು ಅತ್ತೆ. "ಹಾರ್ನ್ ಹೊಡೀರಿ, ಮುಂದ ಹೋಗೂನು."

ಮಾವ ಹಾರ್ನ್ ಹೊಡೆದರು. ಬಸ್ಸು ದಾರಿ ಬಿಟ್ಟಿತು, ಕಂಡಕ್ಟರು ಬಾಗಿಲಲ್ಲಿ ನಿಂತು ಬಾಯಿ ತೆರೆದು ನೋಡಿದ. ತವರುಮನೆಯ ಮುಂದೆ ತಂಗಿಯರೆಲ್ಲ ಓಡಿ ಬಂದು ನಿಂತರು. ಇಂಜಿನ್ ಇನ್ನೂ ಬಿಸಿಯಿತ್ತು, ಒಂದಿಷ್ಟು ತಣ್ಣಗಾಗಬೇಕಿತ್ತು. ಮಾವ ಎಂದಿನಂತೆ ಅದನ್ನು ಚಾಲೂ ಇಟ್ಟು ಕೈಕಟ್ಟಿ ಕುಳಿತರು. "ಅಕ್ಕಾ, ಇಳಿಯ, ಇಳಿಯ!" ಎಂದು ತಂಗಿಯರು ಗಾಜು ಬಡಿದರು. ಅತ್ತೆ ಇಳಿಯಲಿಲ್ಲ. ಇಂಜಿನ್ ತಣ್ಣಗಾಗುವ ತನಕ ಮಾವನ ಪಕ್ಕದಲ್ಲಿ ಅವರೂ ಕೈಕಟ್ಟಿ ಕುಳಿತಿದ್ದರು.